ಹತ್ತು ಜನ ಹೌದು, ಇಬ್ಬರು ಅಲ್ಲ ಎಂದಾಗ: ಕೈದಿಗೆ ದಾರಿ ಹುಡುಕುವುದು ಹೇಗೆ?

ಅಮೆರಿಕದಲ್ಲಿ ದೊಡ್ಡ ಅಪರಾಧದ ಕೇಸುಗಳಲ್ಲಿ ಸಾಮಾನ್ಯವಾಗಿ 12 ಜನರ ಜ್ಯೂರಿ, ಅಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವ ಜನಸಾಮಾನ್ಯರ ಗುಂಪು, ಕೂರುತ್ತದೆ. ಎಲ್ಲರೂ ಒಪ್ಪಿದರಷ್ಟೇ ಶಿಕ್ಷೆ. ಆದರೆ ಲೂಯಿಸಿಯಾನ, ಆರೆಗನ್ ರಾಜ್ಯಗಳಲ್ಲಿ ಬಹಳ ಕಾಲ 10 ಜನ ಒಪ್ಪಿದರೂ ಸಾಕಿತ್ತು. ಲೂಯಿಸಿಯಾನದಲ್ಲಿ ಒಮ್ಮತವಿಲ್ಲದ ತೀರ್ಪಿನ ಪದ್ಧತಿ ಬಂದದ್ದು 1898ರಲ್ಲಿ (ಆಗ 9 ಜನ ಒಪ್ಪಿದರೂ ಸಾಕಿತ್ತು), ಜ್ಯೂರಿಯೊಳಗಿನ ಕಪ್ಪು ಜನರ ಮಾತಿಗೆ ಬೆಲೆ ಇಲ್ಲದಂತೆ ಮಾಡಲು. ಹೀಗೆ ಜೈಲು ಸೇರಿದವರ ಮನೆಯವರ ಜಾಗದಲ್ಲಿ ನಿಂತು ನೋಡೋಣ.

ಮೊದಲ ಕೆಲಸ, ಕೋರ್ಟಿನ ಕಡತದಲ್ಲಿ ಮತಗಳ ಲೆಕ್ಕ ಹುಡುಕುವುದು. ಅಂದು ವಕೀಲರು ಜ್ಯೂರಿಯ ಒಬ್ಬೊಬ್ಬರ ಮತ ಕೇಳಿಸಿದ್ದರೆ ಅದು ದಾಖಲಾಗಿರುತ್ತದೆ. ಕೇಳಿಸಿರದಿದ್ದರೆ ಇಬ್ಬರು ಒಪ್ಪಿರಲಿಲ್ಲ ಅಂತ ತೋರಿಸುವುದೇ ಕಷ್ಟ.

ಆಮೇಲೆ ತಾರೀಖು ನೋಡಬೇಕು. 2020ರ ಏಪ್ರಿಲ್ 20ರಂದು, ಲೂಯಿಸಿಯಾನದಲ್ಲಿ ಹೀಗೇ 10 ಜನರ ಮತದಿಂದ ಶಿಕ್ಷೆಯಾಗಿದ್ದ ರಾಮೋಸ್ ಎಂಬಾತನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ತೀರ್ಪು ಸಲ್ಲದು ಎಂದಿತು. ರಾಮೋಸ್‌ಗೆ ಮರುವಿಚಾರಣೆ ಸಿಕ್ಕಿತು. 2023ರಲ್ಲಿ ಹೊಸ ಜ್ಯೂರಿ ಆತ ತಪ್ಪಿತಸ್ಥನಲ್ಲ ಎಂದು ಒಮ್ಮತದಿಂದ ಬಿಟ್ಟಿತು. ಸುಪ್ರೀಂ ಕೋರ್ಟಿನ 2020ರ ತೀರ್ಪು ಬಂದ ದಿನ ಮೇಲ್ಮನವಿ ಇನ್ನೂ ಬಾಕಿ ಇದ್ದವರಿಗೂ ಅದು ಅನ್ವಯಿಸಿತು. ಮೇಲ್ಮನವಿ ಮೊದಲೇ ಮುಗಿದವರಿಗೆ ಅನ್ವಯಿಸಲೇಬೇಕೆಂದಿಲ್ಲ ಎಂದು 2021ರಲ್ಲಿ ಅದೇ ಕೋರ್ಟ್ ಹೇಳಿತು. ಒಂದೇ ತಪ್ಪು, ತಾರೀಖು ಮಾತ್ರ ಬೇರೆ. ಇದು ಅನ್ಯಾಯ ಅಲ್ವಾ?

ಮುಂದಿನದು ರಾಜ್ಯ. ಹಳೆಯ ಕೈದಿಗಳಿಗೂ ಪರಿಹಾರ ಉಂಟು ಎಂದು ಆರೆಗನ್ ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. ಅದಕ್ಕೆ ಎರಡು ತಿಂಗಳು ಮೊದಲು ಲೂಯಿಸಿಯಾನದ ಕೋರ್ಟ್ ಇಲ್ಲ ಎಂದಿತ್ತು.

ಲೂಯಿಸಿಯಾನದಲ್ಲಿ ಆ ತೀರ್ಪಿಗೂ ಮೊದಲೇ ಪೆರೋಲ್ ಮಾತು ಎದ್ದಿತ್ತು. ನಮ್ಮಲ್ಲಿ ಪೆರೋಲ್ ಅಂದರೆ ಮದುವೆಗೋ ಬೇಸಾಯಕ್ಕೋ ಕೆಲವು ದಿನ ಊರಿಗೆ ಬಂದು ಮತ್ತೆ ಜೈಲಿಗೆ ಹೋಗುವುದು. ಅಲ್ಲಿ ಹಾಗಲ್ಲ. ಉಳಿದ ಶಿಕ್ಷೆಯನ್ನು ಷರತ್ತುಗಳೊಂದಿಗೆ ಹೊರಗೆ ಕಳೆಯುವುದು. ಲೂಯಿಸಿಯಾನದ ಜೀವಾವಧಿ ಕೈದಿಗಳಲ್ಲಿ ಹೆಚ್ಚಿನವರಿಗೆ ಈ ಅವಕಾಶವೂ ಇಲ್ಲ. ಒಡಕು ತೀರ್ಪಿನವರಿಗೆ ಪೆರೋಲ್ ಬಾಗಿಲು ತೆರೆಯಲು 2022ರಲ್ಲಿ ಬಂದ ಮಸೂದೆ ಪಾಸಾಗಲಿಲ್ಲ. ಪಾಸಾಗಿದ್ದರೂ ಅದು ಅರ್ಧ ನ್ಯಾಯವೇ. ಮನುಷ್ಯ ಮನೆಗೆ ಬರುತ್ತಾನೆ, ಅಪರಾಧಿ ಎಂಬ ಹೆಸರು ಹಾಗೇ ಉಳಿಯುತ್ತದೆ. ಆದರೂ ಮುಪ್ಪಾದ ತಾಯಿಗೆ ಮಗ ಮನೆಗೆ ಬರುವುದು ಸಣ್ಣ ವಿಷಯವಲ್ಲ.

ಇನ್ನೊಂದು ದಾರಿ ಕ್ಷಮಾದಾನ ಮಂಡಳಿ. ಅದು ಶಿಫಾರಸು ಮಾಡಬೇಕು, ರಾಜ್ಯಪಾಲರು ಸಹಿ ಹಾಕಬೇಕು. ಕಡತದಲ್ಲಿ ಮತಗಳ ಲೆಕ್ಕ ಸಿಕ್ಕಿದ್ದರೆ ಅದರ ನಕಲನ್ನು ಅರ್ಜಿಯ ಮೊದಲ ಹಾಳೆಯ ಜೊತೆಗೇ ಲಗತ್ತಿಸಿ.