ಮುಹೂರ್ತ ಮಧ್ಯಾಹ್ನ 12ಕ್ಕೆ: ಬಾರ್ಬೆಕ್ಯೂ ಸ್ಪರ್ಧೆಗೆ ಹೊಸ ತಂಡ ಇಳಿಯುವ ಬಗೆ

ಮದುವೆ ಮನೆಯ ಅಡುಗೆ ಭಟ್ಟರು ಬಂದ ಕೂಡಲೇ ಕೇಳುವುದು ಏನು ಹೇಳಿ? ಎಷ್ಟು ಎಲೆ, ಮೊದಲ ಪಂಕ್ತಿ ಎಷ್ಟು ಹೊತ್ತಿಗೆ. ಆ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಒಲೆ ಹಚ್ಚುತ್ತಾರೆ. ಅಮೆರಿಕದ ಬಾರ್ಬೆಕ್ಯೂ ಸ್ಪರ್ಧೆಯೂ ಹೀಗೇ. ಹೊಸ ತಂಡಗಳು ಮಸಾಲೆಯಲ್ಲಿ ಸೋಲುವುದು ಕಡಿಮೆ, ಗಡಿಯಾರದಲ್ಲಿ ಸೋಲುವುದೇ ಜಾಸ್ತಿ.

ನಾನಿರುವುದು ಕ್ಯಾನ್ಸಸ್ ಸಿಟಿಯ ಹತ್ತಿರ. ಇಲ್ಲಿ ಬಾರ್ಬೆಕ್ಯೂ ಅಂದರೆ ನಮ್ಮೂರ ಜಾತ್ರೆಯಷ್ಟೇ ಗಂಭೀರ ವಿಷಯ. ಮೂವರು ಗೆಳೆಯರ ಜೊತೆ ತಂಡ ಕಟ್ಟಿದಾಗ ನಮಗೆ ಗೊತ್ತಿದ್ದದ್ದು ಹಿತ್ತಲಲ್ಲಿ ಕೋಳಿ ಸುಡುವುದು ಮಾತ್ರ. ಕೆಂಡದ ಮೇಲೆ ಚಟಪಟ ಸುಟ್ಟರೆ ಅದು ಗ್ರಿಲ್. ಮುಚ್ಚಿದ ಡ್ರಮ್ಮಿನೊಳಗೆ ಸಣ್ಣ ಶಾಖದಲ್ಲಿ, ಕಟ್ಟಿಗೆ ಹೊಗೆಯಲ್ಲಿ, ಗಂಟೆಗಟ್ಟಲೆ ಬೇಯಿಸಿದರೆ ಬಾರ್ಬೆಕ್ಯೂ. ಈ ವ್ಯತ್ಯಾಸ ತಲೆಗೆ ಹೋಗಲು ನಮಗೆ ಒಂದು ಬೇಸಿಗೆ ಪೂರ್ತಿ ಬೇಕಾಯಿತು.

ಮೊದಲು ನಿಯಮ, ಆಮೇಲೆ ಒಲೆ

ಸ್ಪರ್ಧೆಗಳೆಲ್ಲ ಒಂದೇ ಥರ ಇರುವುದಿಲ್ಲ. 1978ರಲ್ಲಿ ಶುರುವಾದ ಮೆಂಫಿಸ್ ಇನ್ ಮೇ ಸ್ಪರ್ಧೆಯಲ್ಲಿ ಹಂದಿಯದೇ ರಾಜ್ಯಭಾರ. ಟೆಕ್ಸಾಸ್ ಕಡೆಯ ಸ್ಪರ್ಧೆಗಳಲ್ಲಿ ಬ್ರಿಸ್ಕೆಟ್, ಅಂದರೆ ದನದ ಎದೆಯ ಭಾಗ, ದೊಡ್ಡದು. ಅತಿ ಹೆಚ್ಚು ಕಡೆ ನಡೆಯುವುದು ಕ್ಯಾನ್ಸಸ್ ಸಿಟಿ ಬಾರ್ಬೆಕ್ಯೂ ಸೊಸೈಟಿ, ಅಂದರೆ ಕೆಸಿಬಿಎಸ್ ನಿಯಮದ ಸ್ಪರ್ಧೆ. ಈ ಲೇಖನ ಅದರ ಬಗ್ಗೆ.

ನಾಲ್ಕು ಬಗೆ ಮಾಂಸ. ಒಂದೊಂದನ್ನೂ ಬೇರೆ ಡಬ್ಬಿಯಲ್ಲಿಟ್ಟು ಹೇಳಿದ ಹೊತ್ತಿಗೆ ತೀರ್ಪಿಗೆ ಒಪ್ಪಿಸಬೇಕು. ಮಧ್ಯಾಹ್ನ 12ಕ್ಕೆ ಕೋಳಿ, 12.30ಕ್ಕೆ ಹಂದಿ ಪಕ್ಕೆಲುಬು, 1 ಗಂಟೆಗೆ ಹಂದಿ ಭುಜದ ಮಾಂಸ, 1.30ಕ್ಕೆ ಬ್ರಿಸ್ಕೆಟ್. ಹೇಳಿದ ಹೊತ್ತಿಗೆ ಐದು ನಿಮಿಷ ಮುಂಚೆ, ಐದು ನಿಮಿಷ ಆಮೇಲೆ. ಅದರಾಚೆ ಹೋದರೆ ಡಬ್ಬಿ ತೆಗೆದುಕೊಳ್ಳುವುದಿಲ್ಲ. ಕಾಲಿಗೆ ಬಿದ್ದರೂ ಅಷ್ಟೇ.

ಒಂದು ಮೇಜಿಗೆ ಆರು ತೀರ್ಪುಗಾರರು. ಆದ್ದರಿಂದ ಪ್ರತಿ ಡಬ್ಬಿಯಲ್ಲೂ ಕನಿಷ್ಠ ಆರು ತುಂಡು. ನೋಟ, ರುಚಿ, ಮೃದುತ್ವ ಈ ಮೂರಕ್ಕೆ 9ರಿಂದ 2ರವರೆಗೆ ಅಂಕ. 9 ಅಂದರೆ ಅದ್ಭುತ, 2 ಅಂದರೆ ಬಾಯಿಗಿಡಲು ಆಗದ್ದು. 1 ಬಂತೋ, ನೀವು ನಿಯಮ ಮುರಿದಿದ್ದೀರಿ ಅಂತ ಅರ್ಥ. ಆರು ಜನರಲ್ಲಿ ಅತಿ ಕಡಿಮೆ ಕೊಟ್ಟವರ ಅಂಕ ಬಿಟ್ಟು ಉಳಿದ ಐದನ್ನು ಕೂಡುತ್ತಾರೆ. ಒಂದು ಮಾಂಸಕ್ಕೆ ಹೆಚ್ಚೆಂದರೆ 180, ನಾಲ್ಕೂ ಸೇರಿ 720. ಮೂರರ ತೂಕ ಒಂದೇ ಅಲ್ಲ: ಅರ್ಧಕ್ಕಿಂತ ಜಾಸ್ತಿ ರುಚಿಗೆ, ಆಮೇಲೆ ಮೃದುತ್ವ, ನೋಟಕ್ಕೆ ಎಲ್ಲಕ್ಕಿಂತ ಕಡಿಮೆ. ಹೊಸಬರು ಮಾತ್ರ ಉಲ್ಟಾ. ಡಬ್ಬಿಯಲ್ಲಿ ಸೊಪ್ಪು ಜೋಡಿಸುತ್ತಾ ಒಂದು ಗಂಟೆ ಕಳೆಯುತ್ತಾರೆ, ಮಾಂಸ ಆರಿ ಹೋಗಿರುತ್ತದೆ.

ನನ್ನ ಮಾತು ಕೇಳುವುದಾದರೆ, ಒಲೆಗೆ ದುಡ್ಡು ಹಾಕುವ ಮೊದಲು ಕೆಸಿಬಿಎಸ್ ನಡೆಸುವ ತೀರ್ಪುಗಾರರ ತರಗತಿಗೆ ಹೋಗಿ ಬನ್ನಿ. ಯಾರು ಬೇಕಾದರೂ ಸೇರಬಹುದು. ನಾವು ಒಂದು ತಟ್ಟೆ ಪೂರ್ತಿ ತಿಂದು ಚೆನ್ನಾಗಿದೆ ಅನ್ನುತ್ತೇವೆ. ಅವರು ಒಂದೆರಡು ತುತ್ತು ಕಚ್ಚಿ ಅಂಕ ಬರೆಯುತ್ತಾರೆ. ಆ ಒಂದು ತುತ್ತಿಗಾಗಿಯೇ ಈ ರಾತ್ರಿಯೆಲ್ಲ ನಿದ್ದೆಗೆಡುವುದು.

ಯಾರು ಏನು ಮಾಡಬೇಕು, ಏನೇನು ಬೇಕು

ನಾಲ್ಕು ಜನ ಸಾಕು. ಒಬ್ಬರಿಗೆ ಬೆಂಕಿ, ಒಬ್ಬರಿಗೆ ಮಾಂಸ, ಒಬ್ಬರಿಗೆ ಡಬ್ಬಿ, ಒಬ್ಬರಿಗೆ ಗಡಿಯಾರ ಮತ್ತು ಡಬ್ಬಿ ಹೊತ್ತು ಹೋಗುವ ಕೆಲಸ. ನಮ್ಮಲ್ಲೊಬ್ಬರು ದನದ ಮಾಂಸ ಮುಟ್ಟುವುದಿಲ್ಲ. ಬೆಂಕಿ, ಕೋಳಿ ಎರಡೂ ಅವರ ಉಸ್ತುವಾರಿ. ಕೋಳಿಯಲ್ಲಿ ನಮಗೆ ಸಿಕ್ಕ ಒಳ್ಳೆಯ ಅಂಕವೆಲ್ಲ ಅವರದೇ.

ಅಡುಗೆಗೆ ಕಟ್ಟಿಗೆ, ಇದ್ದಿಲು ಅಥವಾ ಮರದ ಪೆಲೆಟ್ (ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆ) ಮಾತ್ರ. ಗ್ಯಾಸಿನಲ್ಲೋ ಕರೆಂಟಿನಲ್ಲೋ ಬೇಯಿಸುವಂತಿಲ್ಲ. ಸಾವಿರಾರು ಡಾಲರಿನ ಟ್ರೇಲರ್ ಒಲೆ ನೋಡಿ ಹೆದರಬೇಡಿ. ವೆಬರ್ ಕಂಪನಿಯ ಸ್ಮೋಕಿ ಮೌಂಟನ್ ಅನ್ನುವ ಹೊಗೆ ಒಲೆ ಎರಡು ಇದ್ದರೆ ಶುರುಮಾಡಲು ಸಾಕು. ಹಳೆಯ ಉಕ್ಕಿನ ಪೀಪಾಯಿಯಲ್ಲಿ ಒಲೆ ಮಾಡಿಕೊಂಡು ಬಹುಮಾನ ಹೊಡೆಯುವವರೂ ಇದ್ದಾರೆ.

ಚಪ್ಪರಕ್ಕೆ ಟೆಂಟ್, ಎರಡು ಮೇಜು, ಐಸ್ ಪೆಟ್ಟಿಗೆಗಳು, ರಾತ್ರಿಗೆ ಲೈಟು, ಮಾಂಸಕ್ಕೆ ಚುಚ್ಚಿ ನೋಡುವ ಥರ್ಮಾಮೀಟರ್, ಗ್ಲೌಸ್, ಅಲ್ಯೂಮಿನಿಯಂ ಫಾಯಿಲ್. ಬೆಂಕಿ ಆರಿಸುವ ಸಿಲಿಂಡರ್ ಇರಲೇಬೇಕು. ತೊಳೆಯಲು, ಜಾಲಿಸಲು, ಬ್ಲೀಚ್ ನೀರಲ್ಲಿ ಅದ್ದಲು ಬೇರೆ ಬೇರೆ ಮೂರು ಟಬ್ ಬೇಕು. ಇವೆರಡೂ ನಿಯಮದಲ್ಲೇ ಇವೆ.

ಖರ್ಚಿನ ವಿಷಯ ಮುಚ್ಚಿಡುವುದು ಬೇಡ. ಪ್ರವೇಶ ಶುಲ್ಕ, ಮಾಂಸ, ಇದ್ದಿಲು, ಪೆಟ್ರೋಲ್ ಸೇರಿದರೆ ಒಂದು ವಾರಾಂತ್ಯಕ್ಕೆ 500 ಡಾಲರ್ ದಾಟುವುದು ಏನೇನೂ ಕಷ್ಟವಲ್ಲ. ಬಹುಮಾನದ ದುಡ್ಡಲ್ಲಿ ಅದನ್ನು ಎತ್ತುತ್ತೇವೆ ಅಂತ ಹೆಂಡತಿಗೆ ಮಾತು ಕೊಡಬೇಡಿ. ಕೆಲವು ಕಡೆ ಬ್ಯಾಕ್‌ಯಾರ್ಡ್ ಅಂತ ಚಿಕ್ಕ ವಿಭಾಗ ಇರುತ್ತದೆ. ಮಾಂಸ ಕಡಿಮೆ, ಶುಲ್ಕ ಕಡಿಮೆ. ಮೊದಲ ಸಲಕ್ಕೆ ಅದೇ ಒಳ್ಳೆಯದು.

ಹಿಂದಿನಿಂದ ಲೆಕ್ಕ

ಇದೇ ಮುಖ್ಯ. ಒಂದು ಹಾಳೆ ತೆಗೆದುಕೊಳ್ಳಿ. ತಳದಲ್ಲಿ 1.30 ಬ್ರಿಸ್ಕೆಟ್ ಅಂತ ಬರೆಯಿರಿ. ಅಲ್ಲಿಂದ ಮೇಲಕ್ಕೆ ಹೋಗಿ.

ಬ್ರಿಸ್ಕೆಟ್ ಬೆಂದ ಮೇಲೆ ಎರಡು ಮೂರು ಗಂಟೆ ಸುಮ್ನೆ ಇರಬೇಕು. ಫಾಯಿಲಿನಲ್ಲಿ ಸುತ್ತಿ, ಹಳೇ ಟವೆಲ್ ಹೊದಿಸಿ, ಐಸ್ ಇಲ್ಲದ ಐಸ್ ಪೆಟ್ಟಿಗೆಯಲ್ಲಿ ಮಲಗಿಸಿದರೆ ಬಿಸಿ ಹಾಗೇ ಇರುತ್ತದೆ. ಬೆಂದ ಮಾಂಸ 140 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ 60 ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು. ಹಾಗಾದರೆ ಬೆಳಿಗ್ಗೆ ಹತ್ತರ ಹೊತ್ತಿಗೆ ಅದು ಬೆಂದಿರಬೇಕು. ಒಲೆ 250ರಿಂದ 275 ಡಿಗ್ರಿ (ಇಲ್ಲಿಂದ ಮುಂದೆ ಎಲ್ಲವೂ ಫ್ಯಾರನ್‌ಹೀಟ್) ಇದ್ದರೆ ದೊಡ್ಡ ಬ್ರಿಸ್ಕೆಟ್‌ಗೆ ಎಂಟು ಹತ್ತು ಗಂಟೆ ಇಟ್ಟುಕೊಳ್ಳಿ. ಅಂದರೆ ಮಧ್ಯರಾತ್ರಿಗೆ ಒಲೆಗೆ ಹೋಗಬೇಕು. ಹಂದಿ ಭುಜವೂ ಹೆಚ್ಚುಕಡಿಮೆ ಅದರ ಜೊತೆಗೇ. ಪಕ್ಕೆಲುಬಿಗೆ ಬೆಳಿಗ್ಗೆ ಏಳು, ಕೋಳಿಗೆ ಹತ್ತು.

ಈ ಲೆಕ್ಕ ಕೆಡಿಸುವ ಕಳ್ಳ ಒಬ್ಬನಿದ್ದಾನೆ. ಮಾಂಸದ ಒಳಗಿನ ಶಾಖ ಚೆನ್ನಾಗಿ ಏರುತ್ತಾ ಬಂದು 150, 160ರ ಹತ್ತಿರ ನಿಂತುಬಿಡುತ್ತದೆ. ಒಂದು ಗಂಟೆ, ಎರಡು ಗಂಟೆ, ಮುಳ್ಳು ಅಲ್ಲಾಡುವುದಿಲ್ಲ. ಇಲ್ಲಿಯವರು ಇದನ್ನು ಸ್ಟಾಲ್ ಅನ್ನುತ್ತಾರೆ. ನಮ್ಮ ಮೊದಲ ರಾತ್ರಿ ಥರ್ಮಾಮೀಟರ್ ಕೆಟ್ಟಿದೆ ಅಂತ ಮೂರು ಸಲ ಬ್ಯಾಟರಿ ಬದಲಿಸಿದೆವು. ಕೆಟ್ಟಿರಲಿಲ್ಲ. ಮಾಂಸದ ಮೇಲ್ಮೈಯಿಂದ ತೇವ ಆವಿಯಾಗಿ ಹೋಗುತ್ತಾ ಅದನ್ನು ತಣ್ಣಗಿಡುತ್ತದೆ. ಮಡಕೆಯ ನೀರು ತಣ್ಣಗಾಗುವ ಲೆಕ್ಕವೇ ಇದು. ಮೇಲ್ಮೈ ಕಡುಕಂದು ಬಣ್ಣಕ್ಕೆ ಬಂದ ಮೇಲೆ ಫಾಯಿಲಿನಲ್ಲಿ ಬಿಗಿಯಾಗಿ ಸುತ್ತಿ. ಆವಿ ಹೋಗಲು ದಾರಿ ಇಲ್ಲದಾಗ ಮುಳ್ಳು ಮತ್ತೆ ಏರುತ್ತದೆ. 200 ದಾಟಿದ ಮೇಲೆ ಸಂಖ್ಯೆ ನಂಬಬೇಡಿ, ಕೈ ನಂಬಿ. ಕಡ್ಡಿ ಚುಚ್ಚಿದರೆ ಬೆಣ್ಣೆಗೆ ಹೋದಂತೆ ಹೋಗಬೇಕು.

ಬೆಂಕಿಯ ಬಗ್ಗೆ ಒಂದೇ ಮಾತು. ಹೊತ್ತದ ಇದ್ದಿಲು ತುಂಬಿ, ಮೇಲೆ ಹತ್ತಿಪ್ಪತ್ತು ಕೆಂಡ ಹಾಕಿ. ಅದು ನಿಧಾನವಾಗಿ ಕೆಳಗಿಳಿಯುತ್ತಾ ರಾತ್ರಿಯಿಡೀ ಉರಿಯುತ್ತದೆ. ಹೊಗೆ ಬಿಳಿಯಾಗಿ ದಟ್ಟವಾಗಿದ್ದರೆ ಮಾಂಸ ಕಹಿ. ಕಂಡೂ ಕಾಣದಂತೆ ತೆಳು ನೀಲಿ ಇರಬೇಕು.

ಶುಕ್ರವಾರ

ತೀರ್ಪಿನ ಹಿಂದಿನ ದಿನ ಇದು. ಮಾಂಸ ತಪಾಸಣೆ ಮೊದಲ ಕೆಲಸ. ಮಾಂಸ 40 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ತಣ್ಣಗಿರಬೇಕು. ನೆಣ, ಪರೆ ಮನೆಯಲ್ಲೇ ತೆಗೆದುಕೊಂಡು ಬರಬಹುದು. ಆದರೆ ತಪಾಸಣೆಗೆ ಮುಂಚೆ ಉಪ್ಪು, ಮಸಾಲೆ ಸೋಕಿಸುವಂತಿಲ್ಲ. ಮನೆಯಲ್ಲೇ ಕಲಸಿ ನೆನೆಸಿಟ್ಟು ತರುವ ನಮ್ಮ ಅಭ್ಯಾಸ ಇಲ್ಲಿ ನಡೆಯದು.

ಸಂಜೆ ಅಡುಗೆಯವರ ಸಭೆ ಇರುತ್ತದೆ. ತಪ್ಪಿಸಬೇಡಿ. ಇದು ನಮ್ಮ ಮೊದಲ ಸ್ಪರ್ಧೆ ಅಂತ ಅಲ್ಲಿ ಕೈ ಎತ್ತಿ ಹೇಳಿ. ನಾಚಿಕೆಪಟ್ಟು ಸುಮ್ಮನಿದ್ದರೆ ನಿಮಗೇ ನಷ್ಟ. ಆ ರಾತ್ರಿ ನಮ್ಮ ಇದ್ದಿಲು ತೇವ ಹಿಡಿದಾಗ ಪಕ್ಕದ ಟೆಂಟಿನವರು ಒಂದು ಮೂಟೆ ಕೊಟ್ಟು, ಹಣ ಬೇಡವೇ ಬೇಡ ಅಂದರು. ಮಸಾಲೆಯ ಗುಟ್ಟು ಹೇಳುವುದಿಲ್ಲ ಅಷ್ಟೇ, ಉಳಿದದ್ದೆಲ್ಲ ಕೊಡುತ್ತಾರೆ. ಬಿಯರ್ ಕೂಡ ಕೊಡುತ್ತಾರೆ, ಅಲ್ಲಿ ಸ್ವಲ್ಪ ಹುಷಾರು.

ಮಸಾಲೆಯಲ್ಲಿ ನಾವು ಎಡವಿದ್ದು

ನಾವು ಜಾಣರು ಅಂದುಕೊಂಡು ಕೋಳಿಗೆ ಧನಿಯಾ, ಚಕ್ಕೆ, ಲವಂಗ, ಕಾಳುಮೆಣಸು ಹುರಿದು ಪುಡಿ ಮಾಡಿ ಸವರಿದೆವು. ಮನೆಯಲ್ಲಿ ಎಲ್ಲರೂ ಬೆರಳು ಚೀಪಿದ್ದರು. ಸ್ಪರ್ಧೆಯಲ್ಲಿ ರುಚಿಗೆ 6, 6, 7. ತೀರ್ಪುಗಾರರದು ತಪ್ಪಲ್ಲ. ಅವರ ನಾಲಿಗೆ ಕಾಯುವುದು ಮೊದಲು ಸಿಹಿ, ಹಿಂದೆ ಉಪ್ಪು, ಕೊನೆಯಲ್ಲಿ ಚಿಟಿಕೆ ಖಾರ, ಇವಕ್ಕೆಲ್ಲ ತಳದಲ್ಲಿ ಹೊಗೆ. ಕಂದು ಸಕ್ಕರೆ, ಉಪ್ಪು, ಪ್ಯಾಪ್ರಿಕಾ, ಬೆಳ್ಳುಳ್ಳಿ ಪುಡಿ, ಸ್ವಲ್ಪ ಮೆಣಸು. ಇದರಿಂದ ಶುರುಮಾಡಿ. ನಿಮ್ಮ ಅಜ್ಜಿಯ ಪುಡಿ ಹಬ್ಬಕ್ಕೆ ಇರಲಿ.

ಮೃದುತ್ವದಲ್ಲೂ ಹೀಗೊಂದು ತಿರುವಿದೆ. ಪಕ್ಕೆಲುಬು ಮೂಳೆಯಿಂದ ತಾನೇ ಕಳಚಿ ಬಿದ್ದರೆ ನಾವು ಭೇಷ್ ಅನ್ನುತ್ತೇವೆ. ಅಲ್ಲಿ ಅದು ಜಾಸ್ತಿ ಬೆಂದದ್ದು. ಕಚ್ಚಿದ ಜಾಗದ ಮಾಂಸ ಮಾತ್ರ ಬರಬೇಕು, ಹಲ್ಲಿನ ಗುರುತು ಉಳಿಯಬೇಕು. ಬ್ರಿಸ್ಕೆಟ್ ಹೋಳನ್ನು ಬೆರಳ ಮೇಲೆ ತೂಗಿಸಿದರೆ ಬಾಗಬೇಕು, ತುಂಡಾಗಬಾರದು. ಮೆಲ್ಲಗೆ ಎಳೆದರೆ ಹರಿಯಬೇಕು. ಕೋಳಿಗೆ ಹೆಚ್ಚಿನವರು ತೊಡೆ ಭಾಗ ತೆಗೆದುಕೊಳ್ಳುತ್ತಾರೆ. ಚರ್ಮ ರಬ್ಬರಿನಂತಾದರೆ ಒಂದೇ ಕಚ್ಚಿಗೆ ಪೂರ್ತಿ ಕಿತ್ತು ಬರುತ್ತದೆ, ಅಂಕವೂ ಅದರ ಜೊತೆ ಹೋಗುತ್ತದೆ. ಅದಕ್ಕೇ ಚರ್ಮದ ಒಳಗಿನ ನೆಣವನ್ನು ಚಾಕುವಿನಿಂದ ಹೆರೆಯುತ್ತಾರೆ. ಒಂದೊಂದು ತುಂಡಿಗೂ ಹತ್ತು ನಿಮಿಷ ಹಿಡಿಯುವ, ಬೇಜಾರಿನ ಕೆಲಸ. ಮಾಡಲೇಬೇಕು. ಹಂದಿ ಭುಜದ ವಿಷಯದಲ್ಲಿ ಕೊಡಗಿನ ಕಡೆಯವರು ಯಾರಾದರೂ ತಂಡದಲ್ಲಿದ್ದರೆ ಅವರಿಗೆ ಬಿಟ್ಟುಬಿಡಿ.

ಡಬ್ಬಿ

ಒಂಬತ್ತು ಇಂಚು ಚೌಕದ ಥರ್ಮೊಕೋಲ್ ಡಬ್ಬಿಯನ್ನು ಅವರೇ ಕೊಡುತ್ತಾರೆ. ಸೊಪ್ಪು ಹಾಕಲೇಬೇಕು ಅಂತಿಲ್ಲ. ಹಾಕುವುದಾದರೆ ಹಸಿರು ಲೆಟಿಸ್, ಪಾರ್ಸ್ಲಿ, ಕೊತ್ತಂಬರಿ ಸೊಪ್ಪು ನಡೆಯುತ್ತದೆ. ತುದಿ ಕೆಂಪಗಿರುವ ಲೆಟಿಸ್ ನಡೆಯುವುದಿಲ್ಲ. ಸಾಸ್ ಮಾಂಸಕ್ಕೆ ಹಚ್ಚಿರಬೇಕು, ಡಬ್ಬಿಯಲ್ಲಿ ನಿಂತಿರಬಾರದು. ಫಾಯಿಲ್ ಚೂರು, ಟೂತ್‌ಪಿಕ್ ಏನಾದರೂ ಒಳಗೆ ಸಿಕ್ಕರೆ ಕಥೆ ಮುಗಿಯಿತು.

ತುಂಡುಗಳು ಪೂರ್ತಿ ಬೇರೆ ಬೇರೆ ಆಗಿವೆಯಾ ನೋಡಿ. ಎರಡು ಪಕ್ಕೆಲುಬು ಅಂಟಿಕೊಂಡಿದ್ದರೆ ಆರನೆಯವರಿಗೆ ತುಂಡು ಸಿಗುವುದಿಲ್ಲ. ನಿಮ್ಮ ಟೆಂಟಿನಿಂದ ಡಬ್ಬಿ ಒಪ್ಪಿಸುವ ಮೇಜಿನವರೆಗೆ ನಡೆಯಲು ಎಷ್ಟು ನಿಮಿಷ ಅಂತ ಬೆಳಿಗ್ಗೆಯೇ ಖಾಲಿ ಡಬ್ಬಿ ಹಿಡಿದು ನಡೆದು ನೋಡಿ. ಮಧ್ಯಾಹ್ನ ಅದೇ ದಾರಿಯಲ್ಲಿ ಜನಜಂಗುಳಿ ಇರುತ್ತದೆ.

ಇದನ್ನೆಲ್ಲ ಸ್ಪರ್ಧೆಗೆ ಮುಂಚೆ ಹಿತ್ತಲಲ್ಲಿ ಎರಡು ಸಲವಾದರೂ ಪೂರ್ತಿಯಾಗಿ ಮಾಡಿ ನೋಡಬೇಕು. ಮಧ್ಯರಾತ್ರಿಗೆ ಎದ್ದು, ನಾಲ್ಕೂ ಮಾಂಸ, ನಾಲ್ಕೂ ಡಬ್ಬಿ, ಗಡಿಯಾರ ಇಟ್ಟುಕೊಂಡು. ತೀರ್ಪಿಗೆ ಅಕ್ಕಪಕ್ಕದ ಮನೆಯವರನ್ನು ಕರೆಯಿರಿ, ಬೇಡ ಅನ್ನುವವರು ಯಾರೂ ಇಲ್ಲ. ಒಂದು ನೋಟ್‌ಬುಕ್ ಇರಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಉಪ್ಪು, ಕಟ್ಟಿಗೆ, ಸಾಸ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಬಹುಮಾನ ಹಂಚಿಕೆ ಮುಗಿದ ಮೇಲೆ ಅಂಕಪಟ್ಟಿ ಕೊಡುತ್ತಾರೆ. ಕಾರಿನಲ್ಲಿ ಕೂತು ಅದನ್ನೇ ಓದುತ್ತಾ ಜಗಳವಾಡಬೇಡಿ, ನಿದ್ದೆಗೆಟ್ಟಿರುತ್ತೀರಿ. ಮಾರನೆಯ ದಿನ ತೆಗೆಯಿರಿ. ಐವರು 8 ಕೊಟ್ಟು ಒಬ್ಬರು 6 ಕೊಟ್ಟಿದ್ದರೆ ಆ 6 ಮರೆತುಬಿಡಿ. ಆರೂ ಜನ ಮೃದುತ್ವಕ್ಕೆ 7 ಕೊಟ್ಟಿದ್ದರೆ ಅದು ನಿಮ್ಮದೇ ತಪ್ಪು. ಮೊದಲ ಸಲ ನಾವು ಕೊನೆಯಿಂದ ನಾಲ್ಕನೆಯವರು. ನಾಲ್ಕೂ ಡಬ್ಬಿ ಹೊತ್ತಿಗೆ ಸರಿಯಾಗಿ ಮೇಜು ಮುಟ್ಟಿದ್ದವು. ಕೋಳಿಗೆ ನಾವು ಓಡಿ ತಲುಪಿದಾಗ 12 ಗಂಟೆ 4 ನಿಮಿಷ.