ಅವಕಾಡೊ ಟೋಸ್ಟ್, ಮೇಲೊಂದು ಮೊಟ್ಟೆ: ನಾನು ಮಾಡಿಕೊಳ್ಳುವ ರೀತಿ

ಬೆಳಿಗ್ಗೆ ಪುರುಸೊತ್ತಿಲ್ಲ, ಆದರೆ ಮಧ್ಯಾಹ್ನದ ತನಕ ಹೊಟ್ಟೆ ತಡೆಯಬೇಕು. ಅಂಥ ದಿನ ನಾನು ಮಾಡಿಕೊಳ್ಳುವುದು ಇದನ್ನೇ. ಎರಡು ಸ್ಲೈಸ್ ಬ್ರೆಡ್, ಅರ್ಧ ಬೆಣ್ಣೆಹಣ್ಣು (ಅವಕಾಡೊ ಅಂದರೆ ಇದೇ), ಎರಡು ಮೊಟ್ಟೆ, ಸ್ವಲ್ಪ ನಿಂಬೆರಸ, ಉಪ್ಪು, ಕಾಳುಮೆಣಸು. ಸಾಮಾನು ಇಷ್ಟೇ. ಒಲೆ ಹಚ್ಚಿ ಹತ್ತು ನಿಮಿಷದಲ್ಲಿ ತಟ್ಟೆ ಮುಂದೆ ಕೂತಿರುತ್ತೇನೆ. ಆದರೆ ಹಣ್ಣು ಅವತ್ತಿಗೆ ಸರಿಯಾಗಿ ಮಾಗಿದ್ದರೆ ಮಾತ್ರ ಈ ಲೆಕ್ಕ. ಕಾಯಿಯಾಗಿದ್ದರೆ ಹತ್ತು ನಿಮಿಷವಲ್ಲ, ಒಂದು ಗಂಟೆ ಕೊಟ್ಟರೂ ಏನೂ ಆಗುವುದಿಲ್ಲ. ಅದಕ್ಕೇ ಈ ತಿಂಡಿಯ ಅರ್ಧ ಕೆಲಸ ಎರಡು ಮೂರು ದಿನ ಮುಂಚೆಯೇ ನಡೆಯುತ್ತದೆ ಅಂತ ನಾನು ಎಲ್ಲರಿಗೂ ಹೇಳುವುದು.

ಬೆಣ್ಣೆಹಣ್ಣು ಮರದಲ್ಲಿ ಇರುವಷ್ಟು ದಿನ ಮೆತ್ತಗಾಗುವುದಿಲ್ಲ. ಬಲಿಯುತ್ತದೆ, ಆದರೆ ಮಾಗುವುದು ಕೊಯ್ದ ಮೇಲೆಯೇ. ಹಾಗಾಗಿ ಅಂಗಡಿಯಲ್ಲಿ ಗಟ್ಟಿ ಕಾಯಿ ಸಿಕ್ಕರೆ ಬೇಜಾರು ಮಾಡಿಕೊಳ್ಳಬೇಕಿಲ್ಲ. ನಾನಂತೂ ಬೇಕಂತಲೇ ಒಂದು ಗಟ್ಟಿ, ಒಂದು ಅರೆ ಮೆತ್ತಗಿರುವುದು ಅಂತ ಆರಿಸುತ್ತೇನೆ. ಆಗ ಎಲ್ಲವೂ ಒಂದೇ ದಿನ ಮಾಗಿ ಕೂರುವುದಿಲ್ಲ. ಗಟ್ಟಿ ಕಾಯಿ ಹೊರಗಿಟ್ಟರೆ ಸಾಮಾನ್ಯವಾಗಿ ಮೂರರಿಂದ ಐದು ದಿನ ತೆಗೆದುಕೊಳ್ಳುತ್ತದೆ. ಬೇಗ ಬೇಕಿದ್ದರೆ ಒಂದು ಬಾಳೆಹಣ್ಣಿನ ಜೊತೆ ಪೇಪರ್ ಕವರಿನಲ್ಲಿ ಹಾಕಿ ಬಾಯಿ ಮಡಚಿಡುತ್ತೇನೆ. ಬಾಳೆಹಣ್ಣಿನಿಂದ ಎಥಿಲೀನ್ ಅನ್ನುವ ಅನಿಲ ಬರುತ್ತದೆ, ಹಣ್ಣನ್ನು ಮಾಗಿಸುವುದು ಅದೇ. ಕವರಿನೊಳಗೆ ಅದು ಒಟ್ಟಾಗಿ ಉಳಿಯುವುದರಿಂದ ಕೆಲಸ ಒಂದೆರಡು ದಿನ ಮುಂಚೆ ಮುಗಿಯುತ್ತದೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ಹಣ್ಣು ಮಾಡುವ ಉಪಾಯವನ್ನು ದಯವಿಟ್ಟು ನಂಬಬೇಡಿ. ತಿರುಳು ಮೆತ್ತಗಾಗುತ್ತದೆ, ನಿಜ. ಆದರೆ ಮಾಗಿದ ಹಣ್ಣಿನ ರುಚಿ ಅದಕ್ಕೆ ಬರುವುದಿಲ್ಲ.

ಮಾಗಿದೆಯಾ ಅಂತ ನೋಡಲು ಬಣ್ಣ ಒಂದನ್ನೇ ನಂಬುವ ಹಾಗಿಲ್ಲ. ಹಾಸ್ ತಳಿಯಾದರೆ ಸಿಪ್ಪೆ ಹಸಿರಿನಿಂದ ನೇರಳೆ ಮಿಶ್ರಿತ ಕಪ್ಪಿಗೆ ತಿರುಗುತ್ತದೆ. ಇದು ಕ್ಯಾಲಿಫೋರ್ನಿಯಾದಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದ ರುಡಾಲ್ಫ್ ಹಾಸ್ ಬೆಳೆಸಿದ ಮರದ ತಳಿ. 1935ರಲ್ಲಿ ಅವರು ಅದಕ್ಕೆ ಪೇಟೆಂಟ್ ಪಡೆದರು. ಇವತ್ತು ಜಗತ್ತಿನ ಮಾರುಕಟ್ಟೆಗಳಲ್ಲಿ ಬಹುಪಾಲು ಇದೇ. ಆದರೆ ಫ್ಯುಯೆರ್ತೆಯಂಥ ತಳಿಗಳು ಪೂರ್ತಿ ಮಾಗಿದರೂ ಹಸಿರಾಗಿಯೇ ಇರುತ್ತವೆ. ಅದು ಕಪ್ಪಾಗಲಿ ಅಂತ ಕಾದರೆ ಒಳಗೆ ಕೊಳೆತೇ ಹೋಗುತ್ತದೆ. ಅದಕ್ಕೆ ನಾನು ಕೈಯನ್ನೇ ನಂಬುವುದು. ಹಣ್ಣನ್ನು ಅಂಗೈಯಲ್ಲಿಟ್ಟುಕೊಂಡು ತೊಟ್ಟಿನ ಪಕ್ಕ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತೇನೆ. ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟ ಬೆಣ್ಣೆಯ ಹಾಗೆ ಬೆರಳಿಗೆ ಒಂಚೂರು ಬಗ್ಗಬೇಕು, ಗುಳಿ ಬೀಳಬಾರದು. ಹೊಟ್ಟೆ ಭಾಗ ಒತ್ತುವುದಿಲ್ಲ. ಒತ್ತಿದ ಜಾಗವೇ ಆಮೇಲೆ ಕಂದು ಕಲೆಯಾಗುತ್ತದೆ. ಅನುಮಾನ ಇದ್ದರೆ ಮನೆಯಲ್ಲಿ ತೊಟ್ಟಿನ ಚೂರನ್ನು ಉಗುರಿನಿಂದ ಎಬ್ಬಿಸಿ ನೋಡುತ್ತೇನೆ. ಸುಲಭವಾಗಿ ಬಂದು ಕೆಳಗೆ ಹಸಿರು ಹಳದಿ ಕಂಡರೆ ಅವತ್ತೇ ತಿನ್ನಬಹುದು. ಕಂದು ಕಂಡರೆ ಮಾಗಿದ್ದು ಜಾಸ್ತಿಯಾಗಿದೆ. ಅಂಗಡಿಯಲ್ಲಿ ಮಾತ್ರ ಹೀಗೆ ಕೀಳಬೇಡಿ, ಆ ತೂತಿನಿಂದ ಹಣ್ಣು ಕೆಡಲು ಶುರುವಾಗುತ್ತದೆ. ಹದಕ್ಕೆ ಬಂದ ಹಣ್ಣನ್ನು ಇಡಿಯಾಗಿಯೇ ಫ್ರಿಜ್‌ಗೆ ಹಾಕಿದರೆ ಇನ್ನೂ ಎರಡು ಮೂರು ದಿನ ಅದೇ ಹದದಲ್ಲಿ ಕಾಯುತ್ತದೆ. ಬೆಳಗಿನ ಗಡಿಬಿಡಿಗೆ ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದ ಅಭ್ಯಾಸ ಇನ್ನೊಂದಿಲ್ಲ.

ಕತ್ತರಿಸುವ ಮುಂಚೆ ಹಣ್ಣನ್ನು ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆದು ಒರೆಸುತ್ತೇನೆ. ಸಿಪ್ಪೆ ತಿನ್ನುವುದಿಲ್ಲವಲ್ಲ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ಆದರೆ ಸಿಪ್ಪೆಯ ಮೇಲಿರುವ ಕೊಳೆ, ಬ್ಯಾಕ್ಟೀರಿಯಾ ಎರಡೂ ಚಾಕುವಿನ ಜೊತೆ ತಿರುಳಿಗೆ ಇಳಿಯುತ್ತವೆ. ಇನ್ನು ಬೀಜ ತೆಗೆಯುವ ವಿಷಯ. ಅರ್ಧ ಹಣ್ಣನ್ನು ಕೈಯಲ್ಲಿ ಹಿಡಿದು ಬೀಜಕ್ಕೆ ಚಾಕು ಕುಕ್ಕುವುದನ್ನು ನೋಡಿದರೆ ನನಗೆ ಜೀವ ಝಲ್ ಅನ್ನುತ್ತದೆ. ಹೀಗೆ ಅಂಗೈ ಸೀಳಿಕೊಂಡು ಬರುವವರು ಎಷ್ಟಿದ್ದಾರೆಂದರೆ ಡಾಕ್ಟರುಗಳು ಆ ಗಾಯಕ್ಕೆ ಅವಕಾಡೊ ಹ್ಯಾಂಡ್ ಅಂತಲೇ ಹೆಸರಿಟ್ಟಿದ್ದಾರೆ. ನಾನು ಹಣ್ಣನ್ನು ಹಲಗೆಯ ಮೇಲಿಟ್ಟು ಉದ್ದಕ್ಕೆ ಬೀಜದ ಸುತ್ತ ಕುಯ್ದು, ತಿರುಚಿ ಎರಡು ಮಾಡುತ್ತೇನೆ. ಬೀಜ ಇರುವ ಹೋಳನ್ನು ಹಲಗೆಯ ಮೇಲೆಯೇ ಮತ್ತೆ ಉದ್ದಕ್ಕೆ ಕುಯ್ದರೆ ಬೀಜ ಸಡಿಲವಾಗಿ ಬೆರಳಿಗೆ ಬರುತ್ತದೆ. ಚಮಚದಿಂದ ತಿರುಳು ತೋಡುವಾಗ ಸಿಪ್ಪೆಗೆ ಅಂಟಿಕೊಂಡಿರುವ ಕಡು ಹಸಿರು ಪದರವನ್ನೂ ಬಿಡದೆ ಕೆರೆದುಕೊಳ್ಳುತ್ತೇನೆ. ಹಣ್ಣು ತರಕಾರಿಗೆ ಬಣ್ಣ ಕೊಡುವ, ಮೈಗೂ ಒಳ್ಳೆಯದಾದ ಕೆರೋಟಿನಾಯ್ಡ್‌ಗಳು ಜಾಸ್ತಿ ಇರುವುದು ಆ ಪದರದಲ್ಲೇ.

ಕಿವುಚುವುದು ಫೋರ್ಕಿನಲ್ಲಿ, ಅದೂ ಒರಟಾಗಿ. ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದರೆ ಬಾಯಿಗೆ ಪೇಸ್ಟ್ ತಿಂದಂತಾಗುತ್ತದೆ. ಅಲ್ಲಲ್ಲಿ ಹೋಳು ಉಳಿದರೆ ತಾನೇ ಹಣ್ಣು ತಿಂದ ಹಾಗಿರುವುದು, ಅಲ್ವಾ? ಅರ್ಧ ಹಣ್ಣಿಗೆ ಒಂದು ಟೀ ಚಮಚ ನಿಂಬೆರಸ, ಎರಡು ಚಿಟಿಕೆ ಉಪ್ಪು. ನಿಂಬೆರಸ ಇಲ್ಲಿ ಎರಡು ಕೆಲಸ ಮಾಡುತ್ತದೆ. ಕುಯ್ದ ತಿರುಳಿಗೆ ಗಾಳಿ ತಾಗಿದಾಗ ಅದರೊಳಗಿನ ಒಂದು ಕಿಣ್ವ ಬಣ್ಣವನ್ನು ಕಂದು ಮಾಡುತ್ತದೆ. ಹುಳಿ ಸೇರಿದರೆ ಆ ಕಿಣ್ವದ ಆಟ ನಿಧಾನವಾಗುತ್ತದೆ. ಇನ್ನೊಂದು ಕೆಲಸ ರುಚಿಯದ್ದು. ಬೆಣ್ಣೆಹಣ್ಣಿನ 100 ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಕೊಬ್ಬಿದೆ. ಹುಳಿ, ಉಪ್ಪು ಎರಡೂ ಇಲ್ಲದಿದ್ದರೆ ಅದು ಬಾಯಲ್ಲಿ ಸಪ್ಪೆಯಾಗಿ ಜಿಡ್ಡು ಜಿಡ್ಡಾಗಿ ಉಳಿಯುತ್ತದೆ. ಈ ಟೋಸ್ಟ್ ಇಷ್ಟವಿಲ್ಲ ಅನ್ನುವವರಿಗೆ ಇನ್ನೊಂದು ಚಿಟಿಕೆ ಉಪ್ಪು ಹಾಕಿ ನೋಡಿ ಅಂತ ನಾನು ಹೇಳುತ್ತೇನೆ. ಎಷ್ಟೋ ಸಲ ಕೊರತೆ ಅಷ್ಟೇ ಇರುತ್ತದೆ.

ಬ್ರೆಡ್ ದಪ್ಪಗಿರಬೇಕು, ಬೆರಳಿನಷ್ಟು ದಪ್ಪ ಇದ್ದರೆ ಒಳ್ಳೆಯದು. ಸಾರ್‌ಡೋ ನನಗೆ ಬಹಳ ಇಷ್ಟ, ಹಿಟ್ಟನ್ನು ಹುಳಿ ಬರಿಸಿ ಮಾಡುವ ಬ್ರೆಡ್ ಅದು, ಅದರ ಸಣ್ಣ ಹುಳಿ ಹಣ್ಣಿನ ಜಿಡ್ಡಿಗೆ ಹೊಂದುತ್ತದೆ. ಗೋಧಿ ಬ್ರೆಡ್ ಆದರೂ ಸರಿ. ತೆಳ್ಳಗಿನ ಸ್ಯಾಂಡ್‌ವಿಚ್ ಬ್ರೆಡ್ ಮಾತ್ರ ಭಾರ ತಡೆಯದೆ ನಡುವೆ ಬಗ್ಗಿಬಿಡುತ್ತದೆ. ಟೋಸ್ಟರ್ ಇದ್ದರೆ ಒಂದು ಮೆಟ್ಟಿಲು ಜಾಸ್ತಿಯೇ ಇಡಿ. ನಾನು ತವಾದ ಮೇಲೆ ಮಧ್ಯಮ ಉರಿಯಲ್ಲಿ ಎರಡೂ ಕಡೆ ಸುಡುತ್ತೇನೆ. ಚಾಕುವಿನ ಬೆನ್ನಿನಿಂದ ಮೇಲ್ಮೈ ಕೆರೆದರೆ ಕರಕರ ಸದ್ದು ಬರಬೇಕು. ಆದ ಕೂಡಲೇ ತಟ್ಟೆಯಲ್ಲಿ ಮಲಗಿಸಿಟ್ಟರೆ ಒಳಗಿನ ಹಬೆ ಕೆಳಗೆ ಸಿಕ್ಕಿಕೊಂಡು ತಳ ಮೆತ್ತಗಾಗುತ್ತದೆ. ಎರಡು ಸ್ಲೈಸನ್ನೂ ಒಂದಕ್ಕೊಂದು ಒರಗಿಸಿ ಅರ್ಧ ನಿಮಿಷ ನಿಲ್ಲಿಸಿ, ಹಬೆ ಹೋಗಲಿ.

ಮೊಟ್ಟೆಯನ್ನು ನಾನು ಜಾಸ್ತಿ ಮಾಡುವುದು ಹೀಗೆ. ಚಿಕ್ಕ ನಾನ್‌ಸ್ಟಿಕ್ ಬಾಣಲೆಗೆ ಒಂದು ಚಮಚ ಎಣ್ಣೆ, ಸಣ್ಣ ಉರಿ. ಮೊಟ್ಟೆಯನ್ನು ಮೊದಲು ಬಟ್ಟಲಿಗೆ ಒಡೆದು ಆಮೇಲೆ ಬಾಣಲೆಗೆ ಜಾರಿಸುತ್ತೇನೆ. ಅಂಚು ಬೆಳ್ಳಗಾದ ಕೂಡಲೇ ಬಾಣಲೆಯ ಬದಿಗೆ ಒಂದು ಚಮಚ ನೀರು ಬಿಟ್ಟು ಮುಚ್ಚಳ ಹಾಕುತ್ತೇನೆ. ಹಬೆಯಲ್ಲಿ ಮೇಲಿನ ಬಿಳಿಯೂ ಬೇಯುತ್ತದೆ, ಮಗುಚುವ ಗೋಜಿಲ್ಲ. ಒಂದೂವರೆ ನಿಮಿಷಕ್ಕೆ ತೆರೆದು ನೋಡಿ. ಹಳದಿಯ ಮೇಲೆ ತೆಳುವಾದ ಬಿಳಿ ಪೊರೆ ಕಟ್ಟಿ, ಬಾಣಲೆ ಅಲುಗಿಸಿದರೆ ನಡುವೆ ಮಾತ್ರ ಸಣ್ಣಗೆ ಅದುರಬೇಕು. ಆಗ ಬ್ರೆಡ್ ಮೇಲೆ ಕುಯ್ದಾಗ ಹಳದಿ ಹರಿದು ಹಣ್ಣಿನೊಳಗೆ ಸೇರುತ್ತದೆ. ಈ ತಿಂಡಿಯ ರುಚಿಯೆಲ್ಲ ಆ ಹರಿಯುವ ಹಳದಿಯಲ್ಲಿದೆ, ಬೇರೆ ಸಾಸ್ ಬೇಕಾಗುವುದಿಲ್ಲ. ಉರಿ ಸಣ್ಣಗಿರಲಿ ಅನ್ನುವುದಕ್ಕೂ ಕಾರಣವಿದೆ. ಹಳದಿ ಗಟ್ಟಿಯಾಗಲು ಶುರುವಾಗುವುದು ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಿಳಿ ಅದಕ್ಕಿಂತ ಸ್ವಲ್ಪ ಮುಂಚೆಯೇ ಕಟ್ಟಲು ಶುರುವಾದರೂ ಪೂರ್ತಿ ಗಟ್ಟಿಯಾಗಲು ಇನ್ನೂ ಜಾಸ್ತಿ ಶಾಖ ಬೇಕು. ಉರಿ ಜೋರಾದರೆ ತಳ ರಬ್ಬರ್ ಆಗಿ ಮೇಲೆ ಲೋಳೆ ಹಾಗೇ ಇರುತ್ತದೆ.

ಒಲೆ ಮುಂದೆ ನಿಲ್ಲಲು ಆಗದ ದಿನ ಮೊಟ್ಟೆ ಬೇಯಿಸಿಕೊಳ್ಳುವುದು ವಾಸಿ. ಫ್ರಿಜ್‌ನಿಂದ ತೆಗೆದ ಮೊಟ್ಟೆಯನ್ನು ಕುದಿಯುವ ನೀರಿಗೆ ಇಳಿಸಿ 6 ನಿಮಿಷಕ್ಕೆ ತೆಗೆದರೆ ಹಳದಿ ಹರಿಯುತ್ತದೆ, 8 ನಿಮಿಷಕ್ಕೆ ಜ್ಯಾಮಿನ ಹದಕ್ಕೆ ಬರುತ್ತದೆ. ತೆಗೆದವನ್ನು ತಕ್ಷಣ ತಣ್ಣೀರಿಗೆ ಹಾಕಿ, ಇಲ್ಲದಿದ್ದರೆ ಒಳಗಿನ ಬಿಸಿಗೇ ಬೇಯುತ್ತಾ ಹೋಗುತ್ತದೆ. ಸಿಪ್ಪೆ ಚೆನ್ನಾಗಿ ಬಿಡಲು ಸ್ವಲ್ಪ ಹಳೆಯ ಮೊಟ್ಟೆ ಒಳ್ಳೆಯದು. ಪೋಚ್ ಮಾಡುವುದಾದರೆ, ಅಂದರೆ ಒಡೆದ ಮೊಟ್ಟೆಯನ್ನು ಬಿಸಿ ನೀರಿಗೇ ಬಿಟ್ಟು ಬೇಯಿಸುವುದಾದರೆ, ತಿರುಗುಮುರುಗು, ತೀರಾ ತಾಜಾ ಮೊಟ್ಟೆಯೇ ಬೇಕು. ಹಳೆಯದರ ಬಿಳಿ ನೀರಾಗಿರುವುದರಿಂದ ಪಾತ್ರೆ ತುಂಬಾ ಎಳೆ ಎಳೆಯಾಗಿ ಹರಡಿಕೊಳ್ಳುತ್ತದೆ. ಜಾಲರಿ ಸೌಟಿನಲ್ಲಿ ಒಡೆದು ಆ ನೀರು ಬಿಳಿಯನ್ನು ಸೋಸಿದರೆ ಉಂಡೆ ಚೆನ್ನಾಗಿ ಬರುತ್ತದೆ. ಬಸುರಿ ಹೆಂಗಸರು, ಚಿಕ್ಕ ಮಕ್ಕಳು, ವಯಸ್ಸಾದವರಿಗೆ ಕೊಡುವಾಗ ಮಾತ್ರ ಹಳದಿ ಪೂರ್ತಿ ಗಟ್ಟಿಯಾಗುವ ತನಕ ಬೇಯಿಸಿ. ಅರೆಬೆಂದ ಮೊಟ್ಟೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಅಪಾಯ ಇದ್ದೇ ಇದೆ.

ಕೆಲಸದ ಕ್ರಮ ನನ್ನದು ಹೀಗಿದೆ: ಮೊದಲು ಹಣ್ಣು ಕಿವುಚಿ ಬದಿಗಿಡುವುದು, ನಿಂಬೆರಸ ಇರುವುದರಿಂದ ಐದು ನಿಮಿಷಕ್ಕೆ ಏನೂ ಆಗುವುದಿಲ್ಲ. ಆಮೇಲೆ ಬ್ರೆಡ್ ತವಾಕ್ಕೆ. ಒಂದು ಬದಿ ಕೆಂಪಾಗಿ ಮಗುಚಿದಾಗ ಪಕ್ಕದ ಒಲೆಯಲ್ಲಿ ಮೊಟ್ಟೆ. ಬ್ರೆಡ್ ಹಬೆ ಬಿಟ್ಟು ನಿಲ್ಲುವಷ್ಟರಲ್ಲಿ ಮೊಟ್ಟೆಯ ಮುಚ್ಚಳ ತೆಗೆಯುವ ಹೊತ್ತು. ಹಣ್ಣನ್ನು ಅಂಚಿನ ತನಕ ಸವರಿ, ನಡುವೆ ಚಮಚದಿಂದ ಸಣ್ಣ ಗುಳಿ ಮಾಡಿ ಮೊಟ್ಟೆ ಕೂರಿಸುತ್ತೇನೆ, ಆಗ ಜಾರುವುದಿಲ್ಲ. ಕಾಳುಮೆಣಸು ಆಗಲೇ ಕುಟ್ಟಿದ್ದಾದರೆ ಘಮವೇ ಬೇರೆ. ಚಿಲ್ಲಿ ಫ್ಲೇಕ್ಸ್, ಹುರಿದ ಎಳ್ಳು ನಿಮ್ಮ ಇಷ್ಟ. ಟೊಮೆಟೊ ಹಾಕುವುದಾದರೆ ಬೀಜ, ನೀರು ತೆಗೆದು ಹಾಕಿ, ಬ್ರೆಡ್ ನೆನೆಯಬಾರದು. ಚೀಸ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹಣ್ಣು, ಹಳದಿ ಎರಡರಲ್ಲೂ ಜಿಡ್ಡು ಸಾಕಷ್ಟಿದೆ. ಇದು ಹೊಟ್ಟೆ ಹಿಡಿಯುವುದೂ ಆ ಕೊಬ್ಬಿನಿಂದಲೇ. ಜೊತೆಗೆ ಎರಡು ಮೊಟ್ಟೆಯ ಸುಮಾರು 12 ಗ್ರಾಂ ಪ್ರೋಟೀನು, ಹಣ್ಣಿನ ನಾರು.

ಮಿಕ್ಕ ಅರ್ಧ ಹಣ್ಣನ್ನು ಬೀಜದ ಸಮೇತ ಇಟ್ಟರೆ ಕಪ್ಪಾಗುವುದಿಲ್ಲ ಅನ್ನುತ್ತಾರೆ. ಬೀಜ ಮುಚ್ಚಿರುವ ಜಾಗ ಮಾತ್ರ ಹಸಿರಾಗಿ ಉಳಿಯುತ್ತದೆ, ಸುತ್ತ ಅಲ್ಲ. ಗಾಳಿ ತಾಗದ ಹಾಗೆ ನೋಡಿಕೊಳ್ಳುವುದೊಂದೇ ದಾರಿ. ಕುಯ್ದ ಮುಖಕ್ಕೆ ನಿಂಬೆರಸ ಸವರಿ, ಕ್ಲಿಂಗ್ ಫಿಲ್ಮ್ (ಅಂಟುವ ತೆಳು ಪ್ಲಾಸ್ಟಿಕ್ ಹಾಳೆ) ತಿರುಳಿಗೇ ಅಂಟುವ ಹಾಗೆ ಒತ್ತಿ ಫ್ರಿಜ್‌ನಲ್ಲಿಡಿ. ಹಣ್ಣನ್ನು ನೀರಿನಲ್ಲಿ ಮುಳುಗಿಸಿಡುವ ಉಪಾಯ ಬಹಳ ಓಡಾಡುತ್ತಿದೆ, ಅದು ಬೇಡ. ಸಿಪ್ಪೆಯ ಮೇಲೆ ಲಿಸ್ಟೀರಿಯಾ, ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇದ್ದರೆ ನೀರಿನಲ್ಲಿ ಬೆಳೆಯುತ್ತವೆ ಅಂತ ಅಮೆರಿಕದ ಆಹಾರ ಸುರಕ್ಷತೆ ಸಂಸ್ಥೆ ಎಫ್‌ಡಿಎ 2022ರಲ್ಲಿ ಎಚ್ಚರಿಸಿದೆ. ಮಾರನೇ ದಿನ ಮೇಲೆ ತೆಳ್ಳಗೆ ಕಂದು ಕಂಡರೆ ಅಷ್ಟನ್ನು ಚಮಚದಿಂದ ಕೆರೆದು ತೆಗೆಯಿರಿ, ಕೆಳಗೆ ಹಸಿರು ಹಾಗೇ ಇರುತ್ತದೆ. ಹುಳಿ ವಾಸನೆ ಬಂದರೆ ಅಥವಾ ತಿರುಳೆಲ್ಲ ಕಂದು ನಾರಾಗಿದ್ದರೆ ಬಿಸಾಡಿ, ಅದನ್ನು ತಿನ್ನಬೇಡಿ.