ಆರಡಿ ಹಲಗೆಯ ಮೇಲೆ ಗೂಡ್ಸ್ ಶಂಟಿಂಗ್: ಚೀಟಿ ನೋಡಿ ಮಾದರಿ ರೈಲು ನಡೆಸುವ ಕ್ರಮ

ಇಂಜಿನ್ ಓಡಿದ ಮೊದಲ ವಾರದ ಸಂಭ್ರಮ ಇಳಿದ ಮೇಲೆ ಮಾದರಿ ರೈಲಿನವರಿಗೆ ಎದುರಾಗುವ ಪ್ರಶ್ನೆ ಒಂದೇ: ಇನ್ನೇನು ಮಾಡುವುದು? ದುಂಡು ಹಳಿಯ ಮೇಲೆ ಸುತ್ತು ಹೊಡೆಸುವುದು ಹೆಚ್ಚು ದಿನ ರುಚಿಸುವುದಿಲ್ಲ. ಪ್ರತಿ ವ್ಯಾಗನ್ನಿಗೂ ಹೊರಟ ಊರು, ಸೇರಬೇಕಾದ ಬಾಗಿಲು, ಒಳಗೊಂದು ಸರಕು ಇದೆ ಎಂದು ಲೆಕ್ಕ ಇಟ್ಟು ನಡೆಸಿದರೆ ಮಾತ್ರ ಆರಡಿ ಉದ್ದ, ಒಂದಡಿ ಅಗಲದ ಹಲಗೆಯೂ ವರ್ಷಗಟ್ಟಲೆ ಕೈಗೆ ಕೆಲಸ ಕೊಡುತ್ತದೆ.

ಮೊದಲು ಯಾವ ದೇಶ, ಯಾವ ಕಾಲ ಎಂದು ಗೊತ್ತು ಮಾಡಿಕೊಳ್ಳಿ. ಭಾರತೀಯ ರೈಲ್ವೆಯ ಈಗಿನ ಗೂಡ್ಸ್ ಮಾಡಲು ಆಸೆಯಾಗುವುದು ಸಹಜ, ಆದರೆ ಇಲ್ಲಿ ಸರಕು ಇಡೀ ರೇಕ್ ಲೆಕ್ಕದಲ್ಲಿ ಸಾಗುತ್ತದೆ. 58 ಬಾಕ್ಸ್‌ಎನ್ ವ್ಯಾಗನ್ನುಗಳು ಒಂದೇ ಸರಕು ತುಂಬಿಕೊಂಡು ಒಂದೇ ಕಡೆ ಖಾಲಿಯಾಗುತ್ತವೆ. 1:87 ಅಳತೆಯ ಎಚ್‌ಒ ಮಾದರಿಯಲ್ಲಿ ಅಂಥ ರೇಕ್ ಒಂದೇ 7 ಮೀಟರ್ ದಾಟುತ್ತದೆ. ಬಿಡಿ ವ್ಯಾಗನ್ನನ್ನು ಒಂದು ಬಾಗಿಲಿಗೆ ಬಿಟ್ಟು ಇನ್ನೊಂದು ಬಾಗಿಲಿಂದ ಎತ್ತುವ ಶಂಟಿಂಗ್ ಆಟ ಅದರಲ್ಲಿ ಸಿಗುವುದಿಲ್ಲ. ಆ ಆಟಕ್ಕೆ ಹೇಳಿ ಮಾಡಿಸಿದ್ದು 1955ರ ಆಸುಪಾಸಿನ ಅಮೆರಿಕದ ಮಧ್ಯ ಪಶ್ಚಿಮದ ಸಣ್ಣ ಕೃಷಿ ಪಟ್ಟಣ. ಗೋಧಿ ಕೂಡ 40 ಅಡಿಯ ಮುಚ್ಚಿದ ವ್ಯಾಗನ್ನಾದ ಬಾಕ್ಸ್‌ಕಾರಿನಲ್ಲೇ ಹೋಗುತ್ತಿದ್ದ ಕಾಲ ಅದು. ಬಾಗಿಲಿನ ಒಳಬದಿಗೆ ತಾತ್ಕಾಲಿಕ ಅಡ್ಡಹಲಗೆ ಬಡಿದು ಧಾನ್ಯ ಸುರಿಯುತ್ತಿದ್ದರು. ವ್ಯಾಗನ್ನುಗಳು ಗಿಡ್ಡ, ಬಗೆ ಹಲವು, ಊರು ಚಿಕ್ಕದು. ನಮ್ಮ ಹಲಗೆಗೆ ಬೇಕಾದ್ದೂ ಇಷ್ಟೇ.

ಹಳಿಯ ಅಳತೆ

ಬ್ರಿಟನ್ನಿನ ಹವ್ಯಾಸಿ ಅಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್’ ನಕ್ಷೆಯನ್ನೇ ಅಡಿಪಾಯ ಮಾಡಿಕೊಳ್ಳಿ. ಎರಡು ಪಾಯಿಂಟು (ಹಳಿ ಕವಲೊಡೆಯುವ ಜಾಗ), ಮೂರು ಡೆಡ್ ಎಂಡ್ (ತುದಿ ಮುಚ್ಚಿದ) ಹಳಿ: ಒಂದರಲ್ಲಿ ಐದು ವ್ಯಾಗನ್, ಉಳಿದ ಎರಡರಲ್ಲಿ ಮೂರು ಮೂರು. ಪಾಯಿಂಟುಗಳ ಈಚೆಗೆ ಇಂಜಿನ್ ಹಿಂದೆ ಮುಂದೆ ಸರಿಯುವ ತುಂಡು ಹಳಿಯಾದ ಶಂಟಿಂಗ್ ನೆಕ್‌ನಲ್ಲಿ ಇಂಜಿನ್ ಮತ್ತು ಮೂರು ವ್ಯಾಗನ್ ಹಿಡಿಯಬೇಕು. ಆಟದ ಕೀಲಿ ಇರುವುದು ಈ ನೆಕ್‌ನಲ್ಲಿ. ನಾಲ್ಕು ಹಿಡಿಯುವಷ್ಟು ಉದ್ದ ಬಿಟ್ಟರೆ ಸವಾಲು ಸಪ್ಪೆ, ಎರಡಕ್ಕೆ ಇಳಿಸಿದರೆ ಉಸಿರು ಕಟ್ಟುತ್ತದೆ.

40 ಅಡಿಯ ಕಾರು (ಅಮೆರಿಕದಲ್ಲಿ ವ್ಯಾಗನ್ನಿಗೆ ಕಾರು ಎನ್ನುತ್ತಾರೆ) ಎಚ್‌ಒದಲ್ಲಿ ಕೊಂಡಿ ಸೇರಿ ಸುಮಾರು 15 ಸೆಂ.ಮೀ. ಎಸ್‌ಡಬ್ಲ್ಯೂ7 ಬಗೆಯ ಶಂಟಿಂಗ್ ಇಂಜಿನ್ 16 ಸೆಂ.ಮೀ. ಹಾಗಾಗಿ ನೆಕ್‌ಗೆ 65 ಸೆಂ.ಮೀ., ಪಾಯಿಂಟಿಗೆ 22, ಪಕ್ಕದ ಹಳಿಯ ಗಾಡಿಗೆ ತಾಗದಂತೆ ನಿಲ್ಲುವ ಗಡಿಯಾದ ಫೌಲಿಂಗ್ ಮಾರ್ಕ್‌ನಿಂದಾಚೆ ಐದು ವ್ಯಾಗನ್ನಿಗೆ 78. ಕೊಂಚ ಸಡಿಲ ಬಿಟ್ಟರೂ 183 ಸೆಂ.ಮೀ. ಹಲಗೆಯಲ್ಲಿ ಕೂರುತ್ತದೆ. ಪಕ್ಕಪಕ್ಕದ ಹಳಿಗಳ ನಡುಗೆರೆಗೆ 50 ಮಿ.ಮೀ. ಅಂತರ ಇರಲಿ. ಫೌಲಿಂಗ್ ಮಾರ್ಕನ್ನು ಕಣ್ಣಳತೆಯಲ್ಲಿ ಹಾಕಬೇಡಿ. ನಿಮ್ಮಲ್ಲಿರುವ ಅತಿ ಉದ್ದದ ವ್ಯಾಗನ್ನನ್ನು ಒಂದು ಹಳಿಯಲ್ಲಿ ನಿಲ್ಲಿಸಿ, ಇನ್ನೊಂದನ್ನು ಪಕ್ಕದಲ್ಲಿ ತಳ್ಳಿ, ಉಜ್ಜದೆ ದಾಟುವ ಜಾಗದಲ್ಲಿ ಸ್ಲೀಪರಿಗೆ ಬಿಳಿ ಬಣ್ಣ ತಾಗಿಸಿ.

ಹಲಗೆಗೆ 12 ಮಿ.ಮೀ. ಪ್ಲೈವುಡ್ ಸಾಕು. ಆದರೆ ಕರಾವಳಿಯಲ್ಲೋ ಮಲೆನಾಡಿನಲ್ಲೋ ಇರುವವರು ಮಳೆಗಾಲಕ್ಕೆ ಮೊದಲು ಆರೂ ಮುಖಗಳಿಗೆ ವಾರ್ನಿಷ್ ಹೊಡೆಯಿರಿ. ಮೇಲ್ಮುಖಕ್ಕೆ ಮಾತ್ರ ಬಳಿದರೆ ಕೆಳಮುಖ ತೇವ ಹೀರಿ ಹಲಗೆ ಬಿಲ್ಲಿನಂತೆ ಬಾಗುತ್ತದೆ. ಬ್ರೇಕಿಲ್ಲದ ಮಾದರಿ ವ್ಯಾಗನ್ನುಗಳು ತಾವಾಗಿ ಇಳಿಜಾರಿಗೆ ಉರುಳುತ್ತವೆ.

ಪಾಯಿಂಟಿನಲ್ಲಿ ಎರಡು ಹಳಿ ಒಂದನ್ನೊಂದು ಕತ್ತರಿಸುವ ಜಾಗ, ಅಂದರೆ ಫ್ರಾಗ್, ಪ್ಲಾಸ್ಟಿಕ್ಕಿನದಾದರೆ ಗಿಡ್ಡ ಇಂಜಿನ್ ಅಲ್ಲೇ ಕರೆಂಟು ಕಳೆದುಕೊಂಡು ನಿಲ್ಲುತ್ತದೆ. ಲೋಹದ ಫ್ರಾಗ್ ಇರುವ ಪಾಯಿಂಟು ಕೊಂಡು, ಪಾಯಿಂಟು ತಿರುಗಿದಾಗ ಫ್ರಾಗಿನ ವಿದ್ಯುತ್ ಧ್ರುವವೂ ಬದಲಾಗುವಂತೆ ಸ್ವಿಚ್ ಜೋಡಿಸಿ. ಆಮೆವೇಗದ ಶಂಟಿಂಗಿಗೆ ಇದು ಅನಿವಾರ್ಯ.

ವ್ಯಾಗನ್ ಸರಿಯಿಲ್ಲದೆ ಚೀಟಿ ಬರೆದು ಉಪಯೋಗವಿಲ್ಲ

ಮೊದಲ ಸಂಜೆಗಳು ಕೆಡುವುದು ಕೊಂಡಿಯಿಂದ. ಎಲ್ಲ ವ್ಯಾಗನ್ನಿಗೂ ಒಂದೇ ಬಗೆಯ ಲೋಹದ ನಕಲ್ (ಬೆರಳ ಗೆಣ್ಣಿನಂತೆ ಮಡಚಿ ಹಿಡಿಯುವ) ಕೊಂಡಿ ಹಾಕಿ. ಕೇಡಿ ಕಂಪನಿಯ 5ನೇ ನಂಬರಿನದು ಬಹುಕಾಲದಿಂದ ಬಳಕೆಯಲ್ಲಿದೆ. ಅವರದೇ 205 ನಂಬರಿನ ಎತ್ತರದ ಗೇಜನ್ನು ಹಳಿಯ ಮೇಲಿಟ್ಟು ಒಂದೊಂದನ್ನೇ ಹೋಲಿಸಿ. ಕೊಂಡಿ ತಗ್ಗಿದ್ದರೆ ಬೋಗಿಯ (ಚಕ್ರಗಳನ್ನು ಹಿಡಿದ ಚೌಕಟ್ಟಿನ) ಸ್ಕ್ರೂ ಜಾಗದಲ್ಲಿ ತೆಳು ವಾಷರ್ ಸೇರಿಸಿ ಎತ್ತರಿಸಿ. ಕೊಂಡಿಯ ಕೆಳಗೆ ಬಾಗಿ ಇಳಿದ ಸಣ್ಣ ತಂತಿ ಪಾಯಿಂಟಿನ ಹಳಿಗೆ ತಾಗಿದರೆ ವ್ಯಾಗನ್ ಎಗರಿ ಬೀಳುತ್ತದೆ. ಅದನ್ನು ಇಕ್ಕಳದಿಂದ ಮೇಲಕ್ಕೆ ಬಾಗಿಸಿ. ಅಯಸ್ಕಾಂತ ಬಳಸದೆ ಕಡ್ಡಿಯಿಂದಲೇ ಕೊಂಡಿ ಬಿಡಿಸುವುದಾದರೆ ಕತ್ತರಿಸಿಬಿಡಿ. ಕೊಂಡಿ ಬಿಗಿಯಾಗಿದ್ದರೆ ಒಣ ಗ್ರ್ಯಾಫೈಟ್ ಪುಡಿ ಊದಿ. ಎಣ್ಣೆ ಹಾಕಿದರೆ ನಮ್ಮ ಮನೆಗಳ ದೂಳಿಗೆ ಒಂದು ತಿಂಗಳಲ್ಲಿ ಅಂಟುಗಟ್ಟುತ್ತದೆ.

ತೂಕಕ್ಕೆ ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ ಒಂದು ಸೂತ್ರ ಕೊಟ್ಟಿದೆ: ಎಚ್‌ಒದಲ್ಲಿ 1 ಔನ್ಸ್, ಜತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. 6 ಇಂಚಿನ ಬಾಕ್ಸ್‌ಕಾರಿಗೆ 4 ಔನ್ಸ್, ಅಂದರೆ ಸುಮಾರು 113 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಕಡಿಮೆ ಬಿದ್ದಷ್ಟು ಉಕ್ಕಿನ ನಟ್ಟುಗಳನ್ನು ನೆಲಕ್ಕೆ ಹತ್ತಿರವಾಗಿ, ಎರಡೂ ತುದಿಗೆ ಸಮನಾಗಿ ಒಳಗೆ ಅಂಟಿಸಿ. ಖಾಲಿ ಫ್ಲಾಟ್‌ಕಾರ್ (ಬರಿ ತಳದ ವ್ಯಾಗನ್) ಮತ್ತು ಗಾಂಡೊಲಾದಲ್ಲಿ (ಗಿಡ್ಡ ಗೋಡೆಯ ತೆರೆದ ವ್ಯಾಗನ್) ತೂಕ ಅಡಗಿಸಲು ಜಾಗವೇ ಇರುವುದಿಲ್ಲ, ಹಿಂದಕ್ಕೆ ತಳ್ಳುವಾಗ ಹಳಿ ತಪ್ಪುವುದೂ ಅವೇ. ಅವುಗಳ ತಳದ ಸಂದುಗಳಲ್ಲಿ ಸೀಸದ ತಗಡು ತುರುಕಬೇಕಾಗುತ್ತದೆ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ.

ಇಂಜಿನ್ ಡಿಸಿಸಿ (ಡಿಜಿಟಲ್ ನಿಯಂತ್ರಣದ್ದು) ಆಗಿದ್ದರೆ 128 ಸ್ಪೀಡ್ ಸ್ಟೆಪ್ ಆರಿಸಿ. ಮೊದಲ ಸ್ಟೆಪ್‌ನಲ್ಲೇ ತೆವಳತೊಡಗುವಂತೆ ಇಂಜಿನ್ನಿನ ಸೆಟ್ಟಿಂಗ್ ಸಂಖ್ಯೆಯಾದ ಸಿವಿ 2ನ್ನು ಹೊಂದಿಸಿ, ಆಮೇಲೆ ಸಿವಿ 3 ಮತ್ತು ಸಿವಿ 4ನ್ನು ಸ್ವಲ್ಪ ಸ್ವಲ್ಪ ಏರಿಸಿ ಭಾರದ ಗಾಡಿಯ ನಿಧಾನ ತನ್ನಿ. ನಿಜದ ಶಂಟಿಂಗ್ ವೇಗ ಗಂಟೆಗೆ 8 ಕಿ.ಮೀ. ಎಂದಿಟ್ಟುಕೊಂಡರೆ ಎಚ್‌ಒದಲ್ಲಿ 30 ಸೆಂ.ಮೀ. ಸಾಗಲು ಹತ್ತಿರ ಹತ್ತಿರ 12 ಸೆಕೆಂಡು ಬೇಕು. ಸ್ಕೇಲು, ಫೋನಿನ ಸ್ಟಾಪ್‌ವಾಚ್ ಹಿಡಿದು ಒಮ್ಮೆ ಅಳೆದು ನೋಡಿ. ಬಹುತೇಕರು ಇದರ ಮೂರು ಪಟ್ಟು ವೇಗದಲ್ಲಿ ಓಡಿಸುತ್ತಿರುತ್ತಾರೆ.

ಯಾವ ಹಳಿಯಲ್ಲಿ ಯಾರು

ಐದು ವ್ಯಾಗನ್ನಿನ ಒಂದನೇ ಹಳಿ ಹೊರಜಗತ್ತಿನ ಬಾಗಿಲು: ದೂರದ ಗಾಡಿ ಇಲ್ಲಿ ಮೂರು ವ್ಯಾಗನ್ ಬಿಟ್ಟುಹೋಗುತ್ತದೆ, ಮೂರನ್ನು ಒಯ್ಯುತ್ತದೆ. ಎರಡನೇ ಹಳಿ ಪೂರ್ತಿ ಧಾನ್ಯದ ಎಲಿವೇಟರಿನದು (ಧಾನ್ಯ ಕೂಡಿಟ್ಟು ವ್ಯಾಗನ್ನಿಗೆ ಸುರಿಯುವ ಎತ್ತರದ ಕಣಜ), ಮೂರು ಸ್ಪಾಟ್ (ವ್ಯಾಗನ್ ನಿಲ್ಲುವ ಜಾಗ). ಮೂರನೇ ಹಳಿಯ ತುದಿಯಲ್ಲಿ ಇಂಧನ ಡಿಪೊ, ನಡುವೆ ಮರದ ಮಂಡಿ, ಈಚೆಗೆ ಟೀಮ್ ಟ್ರ್ಯಾಕ್. ಟೀಮ್ ಎಂದರೆ ಕುದುರೆ ಜೋಡಿ. ಸ್ವಂತ ಸೈಡಿಂಗ್ ಇಲ್ಲದ ಯಾರು ಬೇಕಾದರೂ ಬಂಡಿ ತಂದು ಸರಕು ಇಳಿಸಿಕೊಳ್ಳುವ ಜಾಗ. ನಮ್ಮ ಹಳೇ ಸ್ಟೇಷನ್ನುಗಳ ಗೂಡ್ಸ್ ಶೆಡ್ ಮುಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದದ್ದನ್ನು ನೆನಪಿಸಿಕೊಂಡರೆ ಸಾಕು. ಮಾದರಿಯಲ್ಲಿ ಇದರಷ್ಟು ಲಾಭದ ಹಳಿ ಬೇರೆಯಿಲ್ಲ, ಯಾಕೆಂದರೆ ಕಟ್ಟಡವೇ ಬೇಡ, ಯಾವ ಸರಕೂ ನಡೆಯುತ್ತದೆ.

ಮೂರು ಹಳಿ ಸೇರಿ ಹನ್ನೊಂದು ವ್ಯಾಗನ್ ಹಿಡಿದರೂ ಹಲಗೆಯ ಮೇಲೆ ಎಂಟಕ್ಕಿಂತ ಹೆಚ್ಚು ಇಡಬೇಡಿ. ಕೈಗೆ ಬಂದ ವ್ಯಾಗನ್ನನ್ನೆಲ್ಲ ಹಳಿಗೇರಿಸುವ ಚಪಲ ದೊಡ್ಡದು. ಆದರೆ ಶಂಟಿಂಗ್ ನಡೆಯುವುದು ಖಾಲಿ ಜಾಗದ ಬಲದಿಂದ.

ಚೀಟಿಗಳು

1961ರಲ್ಲಿ ಅಮೆರಿಕದ ಡಗ್ ಸ್ಮಿತ್ ಬಳಕೆಗೆ ತಂದ ಕಾರ್ಡ್ ಪದ್ಧತಿಯೇ ಈಗಲೂ ಹೆಚ್ಚು ಚಾಲ್ತಿಯಲ್ಲಿದೆ. ಪ್ರತಿ ವ್ಯಾಗನ್ನಿಗೆ ಸುಮಾರು 5×10 ಸೆಂ.ಮೀ. ದಪ್ಪ ಕಾಗದದ ಕಾರ್ಡು. ಮೇಲೆ ರೈಲ್ವೆಯ ಅಕ್ಷರ, ನಂಬರು, ಬಗೆ, ಬಣ್ಣ. ಕೆಳಗಿನ ಅರ್ಧಕ್ಕೆ ಕಾಗದದ ಜೇಬು. ಜೇಬಿನಲ್ಲಿ ಸರಕಿನ ಚೀಟಿ, ಅದರ ಎರಡು ಮುಖದ ಎರಡೆರಡು ತುದಿ ಸೇರಿ ನಾಲ್ಕು ಬರಹ. ಜೇಬಿನಿಂದ ಹೊರಗೆ ಕಾಣುವುದೇ ಈಗಿನ ಅಪ್ಪಣೆ.

ಬಾಕ್ಸ್‌ಕಾರಿನ ಒಂದು ಚೀಟಿ ಹೀಗಿರಬಹುದು. ಒಂದು: ಖಾಲಿ, ಎಲಿವೇಟರ್ ಸ್ಪಾಟ್ 1ಕ್ಕೆ, ಧಾನ್ಯ ತುಂಬಲು. ಎರಡು: ಗೋಧಿ, ಮಿನಿಯಾಪೋಲಿಸ್‌ನ ಹಿಟ್ಟಿನ ಗಿರಣಿಗೆ. ಮೂರು: ಒರೆಗಾನ್‌ನಿಂದ ಡಗ್ಲಸ್ ಫರ್ ಹಲಗೆ, ಮರದ ಮಂಡಿಗೆ. ನಾಲ್ಕು: ಖಾಲಿ, ಸ್ವಂತ ರೈಲ್ವೆಗೆ ವಾಪಸ್. ಟ್ಯಾಂಕರಿಗೆ ಎರಡೇ ಬರಹ ಸಾಕು: ಇಂಡಿಯಾನಾದ ವೈಟಿಂಗ್ ರಿಫೈನರಿಯಿಂದ ತುಂಬಿ ಬರುತ್ತದೆ, ಖಾಲಿಯಾಗಿ ಬಂದ ದಾರಿಯಲ್ಲೇ ಮರಳುತ್ತದೆ. ಗುರುತಿನ ಅಕ್ಷರಗಳ ಕೊನೆಗೆ ‘ಎಕ್ಸ್’ ಇದ್ದರೆ, ಯುಟಿಎಲ್‌ಎಕ್ಸ್‌ನಂತೆ, ಅದು ರೈಲ್ವೆಯದಲ್ಲ, ಖಾಸಗಿ ಒಡೆತನದ್ದು. ಅಂಥದಕ್ಕೆ ಬೇರೆಯವರ ಸರಕು ಬರೆಯಬೇಡಿ.

ಚೀಟಿಯಲ್ಲಿ ‘ಎಲಿವೇಟರ್’ ಎಂದಷ್ಟೇ ಬರೆದು ಬಿಡುವುದು ಎಲ್ಲರೂ ಮಾಡುವ ತಪ್ಪು. ಸ್ಪಾಟ್ ನಂಬರ್ ಇಲ್ಲದಿದ್ದರೆ ಕೈಗೆ ಸಿಕ್ಕ ಖಾಲಿ ಜಾಗಕ್ಕೆ ತಳ್ಳಿ ಕೆಲಸ ಮುಗಿಸುತ್ತೀರಿ. ಹಲಗೆಯ ಅಂಚಿಗೆ ಪ್ರತಿ ಹಳಿಗೂ ಮೂರು ಗೂಡಿನ ಪೆಟ್ಟಿಗೆ ತಗುಲಿಸಿ: ‘ಬಂದಿದೆ’, ‘ಕೆಲಸ ನಡೆದಿದೆ’, ‘ಎತ್ತಬೇಕು’. ಒಂದು ಸರದಿ ಮುಗಿದ ಮೇಲೆ ಕಾರ್ಡುಗಳನ್ನು ಒಂದೊಂದು ಗೂಡು ಮುಂದಕ್ಕೆ ಸರಿಸಿ, ‘ಎತ್ತಬೇಕು’ಗೆ ಬಂದದ್ದರ ಚೀಟಿ ತಿರುಗಿಸಿ. ಸರದಿಯಲ್ಲಿ ಮೂರು ಹೊರಟ ಮೇಲೆ ಉಳಿದ ಐದರಲ್ಲಿ ಎರಡು ಹಳೆಯವು, ಮೂರು ಹೊಸವು ಇರುತ್ತವೆ. ಹಳೆಯ ಎರಡೂ ಹೊರಡಲಿ. ಹೊಸ ಮೂರರಲ್ಲಿ ಒಂದು ಎರಡು ಗೂಡು ಹಾರಲಿ, ಯಾವುದೆಂದು ದಾಳ ಹೇಳಲಿ.

ಒಂದು ಸರದಿ, ಹೆಜ್ಜೆ ಹೆಜ್ಜೆಯಾಗಿ

ಒಂದನೇ ಹಳಿಯಲ್ಲಿ ತುದಿಯಿಂದ ಈಚೆಗೆ: ತುಂಬಿದ ಟ್ಯಾಂಕರ್, ಖಾಲಿ ಬಾಕ್ಸ್‌ಕಾರ್, ಅಯೋವಾದ ವಾಟರ್‌ಲೂದಿಂದ ಟ್ರ್ಯಾಕ್ಟರ್ ಹೊತ್ತ ಫ್ಲಾಟ್‌ಕಾರ್. ಎರಡನೆಯದರಲ್ಲಿ ಗೋಧಿ ತುಂಬಿದ ಕಾರು, ಅದರ ಈಚೆ ಇನ್ನೂ ತುಂಬುತ್ತಿರುವ ಕಾರು. ಮೂರನೆಯದರಲ್ಲಿ ಖಾಲಿ ಟ್ಯಾಂಕರ್, ಹಲಗೆ ಇಳಿಸುತ್ತಿರುವ ಕಾರು, ಖಾಲಿ ಗಾಂಡೊಲಾ. ಗೋಧಿ, ಖಾಲಿ ಟ್ಯಾಂಕರ್, ಗಾಂಡೊಲಾ ಹೊರಡಬೇಕು. ಹೊಸ ಮೂರು ಅವುಗಳ ಜಾಗಕ್ಕೆ ಕೂರಬೇಕು. ಇಂಜಿನ್ ನೆಕ್‌ನಲ್ಲಿದೆ.

1. ಒಂದನೇ ಹಳಿಯ ಮೂರನ್ನೂ ಎಳೆದು, ತುದಿಯ ತುಂಬಿದ ಟ್ಯಾಂಕರನ್ನು ಎಲಿವೇಟರಿನ ಖಾಲಿ ಸ್ಪಾಟಿನಲ್ಲಿ ತಾತ್ಕಾಲಿಕವಾಗಿ ಬಿಡಿ.
2. ಬಾಕ್ಸ್‌ಕಾರ್, ಫ್ಲಾಟ್‌ಕಾರ್ ಎರಡನ್ನೂ ಒಂದನೇ ಹಳಿಗೆ ತಳ್ಳಿ.
3. ಮೂರನೇ ಹಳಿಯ ಮೂರನ್ನೂ ಎಳೆದು, ಖಾಲಿ ಟ್ಯಾಂಕರನ್ನು ಒಂದನೇ ಹಳಿಯಲ್ಲಿ ಬಿಡಿ.
4. ಗಾಂಡೊಲಾ, ಹಲಗೆ ಕಾರು ಇಂಜಿನ್ನಿಗೆ ಅಂಟಿಕೊಂಡಿರುವಂತೆಯೇ ಎಲಿವೇಟರಿನಿಂದ ತುಂಬಿದ ಟ್ಯಾಂಕರ್ ಎತ್ತಿ. ಮೂರನೇ ಹಳಿಗೆ ತಳ್ಳಿ ಟ್ಯಾಂಕರ್, ಹಲಗೆ ಕಾರು ಎರಡನ್ನೂ ಬಿಡಿ.
5. ಗಾಂಡೊಲಾ ಒಂದನೇ ಹಳಿಗೆ.
6. ಅಲ್ಲಿಂದ ಗಾಂಡೊಲಾ, ಖಾಲಿ ಟ್ಯಾಂಕರ್, ಫ್ಲಾಟ್‌ಕಾರ್ ಎಳೆದು ಫ್ಲಾಟ್‌ಕಾರನ್ನು ಟೀಮ್ ಟ್ರ್ಯಾಕಿಗೆ ಬಿಡಿ.
7. ಒಂದನೇ ಹಳಿಯಲ್ಲಿ ಉಳಿದ ಖಾಲಿ ಬಾಕ್ಸ್‌ಕಾರನ್ನು ಎತ್ತಿ ಎಲಿವೇಟರಿನ ಹೊರ ಸ್ಪಾಟಿನಲ್ಲಿ ಬಿಡಿ.
8. ಖಾಲಿ ಟ್ಯಾಂಕರ್, ಗಾಂಡೊಲಾ ಒಂದನೇ ಹಳಿಗೆ.
9. ಎಲಿವೇಟರಿನ ಮೂರನ್ನೂ ಎಳೆದು, ಗೋಧಿ ಕಾರು ಮತ್ತು ತುಂಬುತ್ತಿರುವ ಕಾರನ್ನು ಒಂದನೇ ಹಳಿಯಲ್ಲಿ ಬಿಡಿ.
10. ಖಾಲಿ ಬಾಕ್ಸ್‌ಕಾರನ್ನು ಎಲಿವೇಟರಿನ ತುದಿಗೆ ತಳ್ಳಿ.
11. ತುಂಬುತ್ತಿರುವ ಕಾರನ್ನು ವಾಪಸ್ ತಂದು ಎರಡನೇ ಸ್ಪಾಟಿನಲ್ಲಿ ನಿಲ್ಲಿಸಿ.

ಹೊರಡುವ ಮೂರೂ ಈಗ ಒಂದನೇ ಹಳಿಯಲ್ಲಿವೆ. ಎಲಿವೇಟರಿನ ಆ ಒಂದು ಖಾಲಿ ಸ್ಪಾಟ್ ಇಲ್ಲದಿದ್ದರೆ ಮೊದಲ ಹೆಜ್ಜೆಯೇ ಇಡಲಾಗುತ್ತಿರಲಿಲ್ಲ. ಇನ್ನು ಆ ಮೂರನ್ನು ಎತ್ತಿ ಡಬ್ಬಕ್ಕೆ ಹಾಕಿ, ಬೇರೆ ಮೂರನ್ನು ತಂದಿಡಬೇಕು. ಬರಿಗೈಯಲ್ಲಿ ಎತ್ತಿಡುವ ಈ ಕೆಲಸವನ್ನು ಅಮೆರಿಕದ ಹವ್ಯಾಸಿಗಳು ‘0-5-0 ಇಂಜಿನ್’ ಎಂದು ತಮಾಷೆ ಮಾಡುತ್ತಾರೆ, ಐದು ಚಕ್ರ ಎಂದರೆ ಐದು ಬೆರಳು. ಆಟ ನಡೆದಿರುವಾಗ ಆ ಇಂಜಿನ್ನಿಗೆ ರಜೆ. ಹೊರಗಿನ ಡಬ್ಬದಲ್ಲಿ ಆರೇಳು ವ್ಯಾಗನ್ ಇದ್ದರೆ ಬಂದ ಮುಖವೇ ಮತ್ತೆ ಮತ್ತೆ ಬರುವುದಿಲ್ಲ.

ಕೈಯ ವೇಗ

ಕೊಂಡಿ ಬಿಡಿಸಲು ಕಬಾಬ್ ಚುಚ್ಚುವ ಬಿದಿರ ಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಕೆತ್ತಿ, ಎರಡು ಕೊಂಡಿಗಳ ನಡುವೆ ಮೇಲಿನಿಂದ ಇಳಿಸಿ ತಿರುಚಿ. ಮೊದಲು ಇಂಜಿನ್ ಕೂದಲೆಳೆಯಷ್ಟು ಹಿಂದೆ ಒತ್ತಿ ಕೊಂಡಿ ಸಡಿಲವಾಗಿರಬೇಕು. ಬಿಗಿದಿರುವಾಗ ತಿರುಚಿದರೆ ವ್ಯಾಗನ್ನೇ ಎದ್ದು ಬರುತ್ತದೆ. ಪಾಯಿಂಟಿನ ತಿರುವಿನ ಮೇಲೆ ಕೊಂಡಿ ಸೇರಿಸಲು ಹೋಗಬೇಡಿ, ಎರಡು ಕೊಂಡಿ ಒಂದೇ ಗೆರೆಗೆ ಬರುವುದಿಲ್ಲ.

ನಿಜದ ಕೆಲಸಗಾರ ನಡೆದು ಹೋಗಿ ಪಾಯಿಂಟು ತಿರುಗಿಸಬೇಕು, ಏರ್ ಪೈಪು ಬಿಡಿಸಬೇಕು, ಹ್ಯಾಂಡ್‌ಬ್ರೇಕ್ ಸುತ್ತಬೇಕು. ಅದಕ್ಕೆಂದು ಪ್ರತಿ ಪಾಯಿಂಟಿಗೆ ಹತ್ತು ಸೆಕೆಂಡು, ಪ್ರತಿ ಕೊಂಡಿಗೆ ಇಪ್ಪತ್ತು ಸೆಕೆಂಡು ಇಂಜಿನ್ ನಿಲ್ಲಿಸಿ. ಸೇರಿಸುವ ಮೊದಲು ಒಂದು ವ್ಯಾಗನ್ ದೂರದಲ್ಲಿ ಒಮ್ಮೆ ನಿಲ್ಲಿ. ಸೇರಿದ ಮೇಲೆ ಕೊಂಚ ಎಳೆದು ಕೊಂಡಿ ಕೂತಿದೆಯೇ ನೋಡಿ. ಹಾರ್ನ್ ಇದ್ದರೆ ಮುಂದೆ ಹೊರಡಲು ಎರಡು ಉದ್ದ, ಹಿಂದೆ ತಳ್ಳಲು ಮೂರು ಗಿಡ್ಡ. ನಾಲ್ಕು ಪಟ್ಟು ಓಡುವ ವೇಗದ ಗಡಿಯಾರ ದೊಡ್ಡ ಲೇಔಟುಗಳಲ್ಲಿ ಊರಿಂದೂರಿಗೆ ಗಾಡಿ ಓಡಿಸಲು ಸರಿ, ಇಲ್ಲಿ ಬೇಡ. ಕೊಂಡಿ ಬಿಡಿಸಲು ನಿಮ್ಮ ಕೈಗೆ ಹಿಡಿಯುವ ಹೊತ್ತು ನಿಜವಾದ ಹೊತ್ತು, ಅದನ್ನು ನಾಲ್ಕರಿಂದ ಗುಣಿಸಿದರೆ ಪ್ರತಿ ಶಂಟಿಂಗೂ ತಡವೆಂದೇ ಲೆಕ್ಕ ಬರುತ್ತದೆ.

ಇಂಜಿನ್ ಪಾಯಿಂಟಿನ ಮೇಲೆ ಮುಗ್ಗರಿಸಿದರೆ ಮೊದಲು ಚಕ್ರ ಒರೆಸಿ, ಆಮೇಲೆ ಹಳಿ. ನೆಕ್‌ನ ಹಳಿಯ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆ ಹಾಸಿ, ಅರ್ಧ ಚಕ್ರಗಳನ್ನು ಅದರ ಮೇಲಿಟ್ಟು ಇಂಜಿನ್ನನ್ನು ಕೈಯಲ್ಲಿ ಹಿಡಿದು ತಿರುಗಲು ಬಿಟ್ಟರೆ ಕಪ್ಪು ಗೆರೆ ಬಟ್ಟೆಗೆ ಇಳಿಯುತ್ತದೆ. ಆಮೇಲೆ ತಿರುಗಿಸಿಟ್ಟು ಉಳಿದರ್ಧ. ಒಂದೇ ವ್ಯಾಗನ್ ಪದೇ ಪದೇ ಹಳಿ ತಪ್ಪಿದರೆ ಅದರ ಕಾರ್ಡಿಗೆ ಕೆಂಪು ಚೀಟಿ ಸಿಕ್ಕಿಸಿ ಹಲಗೆಯಿಂದ ಇಳಿಸಿ, ಚಕ್ರದ ಅಂತರವನ್ನು ಎನ್‌ಎಂಆರ್‌ಎ ಗೇಜಿನಲ್ಲಿ ಪರೀಕ್ಷಿಸುವ ತನಕ ಡಬ್ಬದಲ್ಲೇ ಇರಲಿ.